ಹಾನಗಲ್ಲು ಸೀಮೆಯ ಬೈಸಿಕಲ್ಲು: ಒಂದು ರಿಪೇರಿಯ ಇತಿಹಾಸ

ಹಾನಗಲ್ಲು, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಎಂದೊಡನೆ ಚರಿತ್ರೆಯ ವಿದ್ಯಾರ್ಥಿಯ ಮನಸ್ಸಿಗೆ ಬರುವ ಚಿತ್ರಗಳು ಬೇರೆ. ಪಾನುಂಗಲ್ಲಿನ ಕದಂಬರು, ತಾರಕೇಶ್ವರನ ಗುಡಿಯ ಕಮಲದ ಭುವನೇಶ್ವರಿ, ಬಂಕಾಪುರದ ಕೋಟೆ, ಸವಣೂರಿನ ನವಾಬರು, ಶಿಶುನಾಳದ ಶರೀಫಸಾಹೇಬರು, ಅಬಲೂರಿನ ಶಿಲ್ಪ: ಇವುಗಳ ವಿಷಯವಾಗಿ ವಿದ್ವಾಂಸರು ಸಾಕಷ್ಟು ಬರೆದಿದ್ದಾರೆ; ಇನ್ನೂ ಬರೆಯುವರು. ನಾನು ಈ ಭಾಷಣಕ್ಕೆ ಎತ್ತಿಕೊಂಡಿರುವುದು ಅದೇ ನಾಡಿನ ಬೈಸಿಕಲ್ಲನ್ನು. ಅದರಲ್ಲಿಯೂ ಅದರ ಸವಾರಿಯನ್ನಲ್ಲ, ರಿಪೇರಿಯನ್ನು. ಶ್ರೋತೃಗಳಲ್ಲಿ ಕೆಲವರು ನಗಬಹುದು. ಆದರೆ ಒಂದು ಯಂತ್ರವು ಯಾವಾಗ ಪರದೇಶದ ಸರಕಾಗಿರುವುದನ್ನು ಬಿಟ್ಟು ನಮ್ಮದಾಯಿತೆಂದು ತಿಳಿಯಬೇಕಾದರೆ, ಅದನ್ನು ಯಾರು ಕೊಂಡರೆಂದು ಕೇಳಿದರೆ ಸಾಲದು, ಯಾರು ಬಿಚ್ಚಿದರೆಂದು ಕೇಳಬೇಕು.

ಮೊದಲು ನೆಲದ ಮಾತು. ಈ ನಾಲ್ಕೂ ತಾಲ್ಲೂಕುಗಳು ಈಗ ಹಾವೇರಿ ಜಿಲ್ಲೆಯಲ್ಲಿವೆ; ಆ ಜಿಲ್ಲೆ ಧಾರವಾಡದಿಂದ ಬೇರೆಯಾದುದು 1997ರಲ್ಲಿ. ಬ್ರಿಟಿಷರ ಕಾಲದಲ್ಲಿ ಹಾನಗಲ್ಲು ಮುಂಬಯಿ ಪ್ರಾಂತದ ಒಂದು ತಾಲ್ಲೂಕು. ಶಿಗ್ಗಾಂವಿಯು ಬಂಕಾಪುರ ತಾಲ್ಲೂಕಿನ, ಹಿರೇಕೆರೂರು ಕೋಡ ತಾಲ್ಲೂಕಿನ ಕಚೇರಿಯ ಊರುಗಳು. ಇವುಗಳ ನಡುವೆ ಸವಣೂರು ನವಾಬರ ಪುಟ್ಟ ಸಂಸ್ಥಾನವಾಗಿ 1948ರ ವರೆಗೆ ಉಳಿದಿತ್ತು. ಹಿರೇಕೆರೂರಿನಿಂದ ಶಿಕಾರಿಪುರದ ಕಡೆಗೆ ಹೊರಟವನು ಮೈಸೂರು ಮಹಾರಾಜರ ಸೀಮೆಯನ್ನು ಹೊಗುತ್ತಿದ್ದನು. ಹೀಗೆ ಒಬ್ಬ ಗಟ್ಟಿಗ ಸವಾರನು ಎರಡು ಮೂರು ದಿನಗಳಲ್ಲಿ ಮೂರು ಸರ್ಕಾರಗಳ ನೆಲವನ್ನು ತುಳಿಯಬಹುದಾಗಿತ್ತು. 1880ರ ದಶಕದಲ್ಲಿ ಸದರ್ನ್ ಮರಾಠಾ ರೈಲ್ವೆಯು ಹುಬ್ಬಳ್ಳಿಯಿಂದ ಹರಿಹರದ ಕಡೆಗೆ ಹಳಿ ಹಾಕಿದಾಗ ಅದು ಯಲವಿಗಿ, ಹಾವೇರಿ, ಬ್ಯಾಡಗಿ, ರಾಣೇಬೆನ್ನೂರುಗಳ ಮೇಲೆ ಹಾದುಹೋಯಿತು. ಹಾನಗಲ್ಲಿಗೂ ಹಿರೇಕೆರೂರಿಗೂ ಶಿಗ್ಗಾಂವಿಗೂ ರೈಲು ಬರಲಿಲ್ಲ; ಇಂದಿಗೂ ಬಂದಿಲ್ಲ. ಹಾವೇರಿಯ ಸ್ಟೇಷನ್ನಿನಲ್ಲಿ ಇಳಿದವನಿಗೆ ಹಾನಗಲ್ಲು ಸುಮಾರು 20 ಮೈಲಿ. ಆ 20 ಮೈಲಿ ಚಕ್ಕಡಿಗೆ ಒಂದು ಹಗಲಿನ ದಾರಿ, ಬೈಸಿಕಲ್ಲಿಗೆ ಮೂರು ಗಂಟೆಯ ದಾರಿ. ಮಾಸ್ತರರು, ಕಾರಕೂನರು, ಅಂಚೆಯವರು, ದಲಾಲಿಗಳು ಆ ವಾಹನವನ್ನು ಏಕೆ ಮೆಚ್ಚಿದರೆಂಬುದಕ್ಕೆ ಬೇರೆ ವಿವರಣೆ ಬೇಡ.

ಬೈಸಿಕಲ್ಲು ಬಂದದ್ದು ಗಾಲಿಯನ್ನು ಅರಿಯದ ಜನರ ನಡುವಿಗಲ್ಲ. ಬಡಿಗನೂ ಕಮ್ಮಾರನೂ ತಲೆಮಾರುಗಳಿಂದ ಚಕ್ಕಡಿಯನ್ನು ಕಟ್ಟಿಕೊಟ್ಟು ದುರಸ್ತಿ ಮಾಡುತ್ತ, ಸುಗ್ಗಿಯಲ್ಲಿ ಕಣದ ಕಾಳಿನ ರೂಪದಲ್ಲಿ ಆಯವನ್ನು ಪಡೆಯುತ್ತಿದ್ದರು. ಹರಳೆಣ್ಣೆಗೆ ಸುಟ್ಟ ಹುಲ್ಲಿನ ಕರಿಯನ್ನು ಕಲಸಿ ಅಚ್ಚಿಗೆ ಹಚ್ಚುವ ಕೀಲೆಣ್ಣೆಯನ್ನು ಅರಿಯದ ರೈತನಿರಲಿಲ್ಲ. ಆದರೆ ಹೊಸ ಗಾಲಿಯ ಸ್ವಭಾವ ಹಳೆಯದಕ್ಕೆ ನೇರ ವಿರುದ್ಧ. ಚಕ್ಕಡಿಯ ಅರಗಳು ಕಂಬಗಳಂತೆ ಭಾರವನ್ನು ಹೊತ್ತು ನಿಲ್ಲುವವು; ಬೈಸಿಕಲ್ಲಿನ ಕಡ್ಡಿಗಳು ತಂತಿಗಳಂತೆ ಎಳೆತದಲ್ಲಿ ನಿಲ್ಲುವವು. ಈ ತಂತಿಯ ಗಾಲಿ 1869ರ ಸುಮಾರಿಗೆ ಪ್ಯಾರಿಸ್ಸಿನಲ್ಲಿ ಮೊದಲಾಯಿತು. 1885ರಲ್ಲಿ ಕೊವೆಂಟ್ರಿಯ ಸ್ಟಾರ್ಲಿಯವರ ರೋವರ್ ಬಂಡಿ, 1888ರಲ್ಲಿ ಡನ್‌ಲಪ್ಪನ ಗಾಳಿಯ ಟೈರು: ಇವೆರಡರಿಂದ ಬೈಸಿಕಲ್ಲಿಗೆ ಇಂದಿನ ಆಕಾರ ಬಂದಿತು. ಇನ್ನೊಂದು ವ್ಯತ್ಯಾಸವೂ ಉಂಟು. ಬೈಸಿಕಲ್ಲು ಆಯದ ಲೆಕ್ಕಕ್ಕೆ ಸೇರಲಿಲ್ಲ. ಅದರ ಬಿಡಿಭಾಗಕ್ಕೆ ರೊಕ್ಕ ಕೊಡಬೇಕು, ಅದರ ಕೆಲಸಕ್ಕೆ ಇಂಥವನೇ ಆಗಬೇಕೆಂಬ ಕಟ್ಟಿಲ್ಲ. ಯಾವ ಮನೆಯ ಹುಡುಗನಾದರೂ ಒಂದು ಪಾನಾ, ಒಂದು ಪಂಪು, ಒಂದು ಬೋಗುಣಿ ನೀರನ್ನು ಇಟ್ಟುಕೊಂಡು ಮರದ ನೆರಳಿನಲ್ಲಿ ಕುಳಿತರೆ ಅಂಗಡಿಯಾಯಿತು. ನಮ್ಮ ಹಳ್ಳಿಗಳ ಕಸುಬಿನ ಇತಿಹಾಸದಲ್ಲಿ ಇದು ಸಣ್ಣ ಮಾತಲ್ಲವೆಂದು ನನ್ನ ಎಣಿಕೆ.

ಹುಡುಗನಿಗೆ ಇಷ್ಟು ಸುಲಭವಾಗಿ ಇದು ಸಾಧ್ಯವಾದದ್ದೇಕೆ? ಇದಕ್ಕೆ ಉತ್ತರವನ್ನು ಹುಡುಕಬೇಕಾದುದು ಬರ್ಮಿಂಗ್‌ಹ್ಯಾಮಿನ ಬಂದೂಕಿನ ಕಾರಖಾನೆಯಲ್ಲಿ. ಅಲ್ಲಿಯ ಬಂದೂಕು ಕೆಲಸಗಾರರು 1861ರಲ್ಲಿ ಕೂಡಿ ಒಂದು ಕಂಪೆನಿಯನ್ನು ಕಟ್ಟಿದರು. ಬರ್ಮಿಂಗ್‌ಹ್ಯಾಮ್ ಸ್ಮಾಲ್ ಆರ್ಮ್ಸ್, ಅಂದರೆ ನಮ್ಮ ಜನ ಬಲ್ಲ ಬಿ.ಎಸ್.ಎ. ಒಂದು ಬಂದೂಕಿನ ಭಾಗ ಇನ್ನೊಂದಕ್ಕೆ ಹೊಂದಬೇಕು, ರಣರಂಗದಲ್ಲಿ ಅರವನ್ನು ಹಿಡಿದು ಉಜ್ಜುತ್ತ ಕೂರಲಾಗದು. ಇದು ಅವರ ಕಸುಬಿನ ಮೂಲಸೂತ್ರ. ಬಂದೂಕಿಗೆ ಗಿರಾಕಿಗಳು ಕಡಿಮೆಯಾದ ಕಾಲದಲ್ಲಿ ಅವರು ಅದೇ ಸೂತ್ರವನ್ನು ಬೈಸಿಕಲ್ಲಿನ ಬಿಡಿಭಾಗಗಳಿಗೆ ಹಚ್ಚಿದರು. ಒಂದಕ್ಕೊಂದು ಒರಗಿಸಿ ನಿಲ್ಲಿಸಿದ ಮೂರು ಬಂದೂಕುಗಳ ಮುದ್ರೆಯನ್ನು ಒತ್ತಿ ಇತರ ತಯಾರಕರಿಗೂ ಮಾರಿದರು. ಪೆಡಲಿನ ಅಚ್ಚಿಗೆ ಒಂಬತ್ತು-ಹದಿನಾರಾಂಶ ಅಂಗುಲದ ದಪ್ಪ, ಅಂಗುಲಕ್ಕೆ 20 ತಿರುಪಿನ ಸುತ್ತು. ಪೆಡಲುಗಳ ನಡುವಣ ಬಟ್ಟಲಿಗೆ ಅಂಗುಲಕ್ಕೆ 24 ಸುತ್ತು. ಸರಪಣಿಯ ಕೊಂಡಿಯಿಂದ ಕೊಂಡಿಗೆ ಅರ್ಧ ಅಂಗುಲ. ಈ ಅಳತೆಗಳು ಇಂಗ್ಲೆಂಡಿನಲ್ಲೆಲ್ಲ ಹಬ್ಬಿದವು, ಇಂಗ್ಲೆಂಡಿನ ಬೈಸಿಕಲ್ಲಿನೊಡನೆ ನಮ್ಮಲ್ಲಿಗೂ ಬಂದವು. ನಾಟಿಂಗ್‌ಹ್ಯಾಮಿನ ರ್‍ಯಾಲಿ ಕಂಪೆನಿಯು ಮಾತ್ರ ಬಟ್ಟಲಿಗೆ 26 ಸುತ್ತುಗಳನ್ನು ಕೊಯ್ದು ತನ್ನ ದಾರಿಯನ್ನು ತಾನು ಹಿಡಿಯಿತು. ದೊಡ್ಡವರ ಅಭಿಮಾನದ ಬೆಲೆಯನ್ನು ದೂರದ ಊರಿನ ಗಿರಾಕಿ ತೆರುವುದು ಹೊಸದೇನಲ್ಲ. ಉಳಿದಂತೆ, ಮುಂಬಯಿ ಪ್ರಾಂತದಲ್ಲಿ ಕೊಂಡ ಪೆಡಲು ನವಾಬರ ಸವಣೂರಿನಲ್ಲಿಯೂ ಮಹಾರಾಜರ ಶಿಕಾರಿಪುರದಲ್ಲಿಯೂ ಒಂದೇ ರೀತಿ ಕೂಡುತ್ತಿತ್ತು. ಸರ್ಕಾರ ಮೂರು, ತಿರುಪು ಒಂದು.

ಈ ತಿರುಪಿನಲ್ಲಿ ಒಂದು ಚಮತ್ಕಾರವುಂಟು. ಬಲಗಡೆಯ ಪೆಡಲು ಎಲ್ಲ ತಿರುಪುಗಳಂತೆ ಬಲಕ್ಕೆ ತಿರುಗಿದರೆ ಬಿಗಿಯುವುದು. ಎಡಗಡೆಯದು ಎಡಕ್ಕೆ ತಿರುಗಿದರೆ ಬಿಗಿಯುವುದು. ತುಳಿಯುವಾಗ ಪೆಡಲು ತಾನಾಗಿ ಸಡಿಲಿ ಕಳಚದಿರಲೆಂದು ಹೀಗೆ ಮಾಡಿದ್ದಾರೆ. ಇದನ್ನರಿಯದೆ ಬಲ ಪ್ರಯೋಗಿಸಿ, ಸುತ್ತುಗಳನ್ನು ಹರಿದು, ಇಡೀ ತೋಳನ್ನೇ ಕೆಡಿಸಿಕೊಂಡ ಪದವೀಧರರು ಉಂಟು. ಅಂಗಡಿಯ ಹುಡುಗನಿಗೆ ಅದು ಮೊದಲನೆಯ ದಿನದ ಪಾಠ.

ಮನೆಯಲ್ಲಿ ಬೈಸಿಕಲ್ಲನ್ನು ಕಾಪಾಡುವ ಕ್ರಮವಾದರೋ ಪುಸ್ತಕದಿಂದ ಬಂದದ್ದಲ್ಲ, ಮಣ್ಣಿನಿಂದ ಬಂದದ್ದು. ಸವಣೂರಿನ ಕಡೆಯ ಎರೆಮಣ್ಣು ಮಳೆಯಲ್ಲಿ ನಾದಿದ ಕಣಕದಂತೆ ಅಂಟಿ, ಟೈರಿಗೂ ಮಡ್‌ಗಾರ್ಡಿಗೂ ನಡುವೆ ತುಂಬಿ, ಗಾಲಿಯನ್ನೇ ನಿಲ್ಲಿಸುವುದು. ಆಗ ಸವಾರನು ವಾಹನವನ್ನು ಹೆಗಲ ಮೇಲೆ ಹೊರುವನು. ಒಂದು ಚಪ್ಪಟೆ ಕಡ್ಡಿಯಿಂದ ಕೂಡಲೇ ಮಣ್ಣನ್ನು ಕೀಳಬೇಕು. ಒಣಗಿದರೆ ಅದು ಇಟ್ಟಿಗೆ. ಹಾನಗಲ್ಲು ಮಲೆನಾಡಿನ ಅಂಚು. ಅಲ್ಲಿ ಶತ್ರುವು ಅಂಟಲ್ಲ, ತುಕ್ಕು. ಭತ್ತದ ಗದ್ದೆಗಳ ನಡುವೆ ನಾಲ್ಕು ತಿಂಗಳ ತೇವದಲ್ಲಿ ಓಡಾಡಿದ ಬೈಸಿಕಲ್ಲಿನ ಗುಂಡುಗಳ ಮೇಲೆ ಗ್ರೀಸು ಕರಗಿ ನೀರು ಸೇರಿರುವುದು. ಆದುದರಿಂದಲೇ ಮಹಾನವಮಿಯ ಖಂಡೆಪೂಜೆಯು ಬೈಸಿಕಲ್ಲಿಗೆ ಅತ್ಯಂತ ಯೋಗ್ಯವಾದ ಹಬ್ಬ. ಮಳೆ ಹಿಂದಾಗಿ, ಸುಗ್ಗಿ ಇನ್ನೂ ಬಾರದ ಆ ದಿನಗಳಲ್ಲಿ ಅದನ್ನು ಬಿಚ್ಚಿ, ಗುಂಡುಗಳನ್ನು ಸೀಮೆಎಣ್ಣೆಯಲ್ಲಿ ತೊಳೆದು, ಹಿಂದಿನ ಗಾಲಿಗೆ ಒಂದೊಂದು ಬದಿಗೆ ಒಂಬತ್ತರಂತೆ ಎಣಿಸಿ, ಹೊಸ ಗ್ರೀಸಿನಲ್ಲಿ ಕೂರಿಸಿದ ಮೇಲೆಯೇ ಕುಂಕುಮ, ಹೂವು. ಬಿಚ್ಚದೆ ಬರಿಯ ಹೂವು ಏರಿಸುವುದು ಈಚಿನ ಪದ್ಧತಿ.

ಪಂಕ್ಚರಿನ ಮೂಲಗಳು ಮೂರು: ಜಾಲಿಯ ಮುಳ್ಳು, ನೆಗ್ಗಿಲ ಮುಳ್ಳು, ಎತ್ತಿನ ಲಾಳದಿಂದ ಕಳಚಿದ ಮೊಳೆ. ತೇಪೆ ಹಾಕುವ ವಿಧಾನವನ್ನು ಎಲ್ಲರೂ ಬಲ್ಲರು. ಆದರೆ ಹಚ್ಚಿದ ಸೊಲ್ಯೂಷನ್ನು ಆರುವ ವರೆಗೆ ಕಾಯುವ ತಾಳ್ಮೆಯುಳ್ಳವರು ವಿರಳ. ಟೈರಿನ ಒಳಮೈಯಲ್ಲಿ ಬೆರಳಾಡಿಸಿ ಮುಳ್ಳನ್ನು ತೆಗೆಯುವವರು ಇನ್ನೂ ವಿರಳ. ಅವರ ಟ್ಯೂಬು ಮರುದಿನ ಅದೇ ಸ್ಥಳದಲ್ಲಿ ತೂತಾಗುವುದು. ಎಷ್ಟೋ ವೇಳೆ ಟ್ಯೂಬಿನಲ್ಲಿ ತೂತೇ ಇರುವುದಿಲ್ಲ. ಗಾಳಿಯ ಬಾಯಿಯಲ್ಲಿರುವ ವಾಲ್ ಟ್ಯೂಬೆಂಬ ಸಣ್ಣ ರಬ್ಬರು ಕೊಳವೆ ನಮ್ಮ ಬೇಸಗೆಗೆ ಬಿರುಕು ಬಿಟ್ಟಿರುವುದು. ಬಾಯಿಯ ಮೇಲೆ ಉಗುಳನ್ನು ಹಚ್ಚಿ ಗುಳ್ಳೆ ಏಳುವುದೋ ನೋಡಿದರೆ ಸಾಕು, ಅರ್ಧ ದಿನದ ಕೆಲಸ ಉಳಿಯುವುದು. ಇನ್ನು ಸರಪಣಿಗೆ ಅಡುಗೆಮನೆಯ ಕುಸುಬೆ ಎಣ್ಣೆಯನ್ನು ಹಾಕುವುದು ಈ ಸೀಮೆಯ ಗೃಹಸ್ಥನಿಗೆ ಸಹಜವಾಗಿ ತೋರಬಹುದು. ಆದರೆ ಅದು ಒಣಗಿ ಗೋಂದಾಗುವ ಎಣ್ಣೆ, ಧೂಳನ್ನು ಹಿಡಿದು ಅರದಂತೆ ಹಲ್ಲುಗಳನ್ನು ತಿನ್ನುವುದು. ಸರಪಣಿ ಸವೆದಿದೆಯೋ ಇಲ್ಲವೋ ತಿಳಿಯಲು ಶಾಲೆಯ ಅಡಿಪಟ್ಟಿ ಸಾಕು. ಹೊಸ ಸರಪಣಿಯಲ್ಲಿ 24 ಕೊಂಡಿಗಳು ಸರಿಯಾಗಿ 12 ಅಂಗುಲವಿರುವುವು. ಅಂಗುಲದ ಎಂಟನೆಯ ಒಂದು ಭಾಗ ಹೆಚ್ಚಾಗಿ ಕಂಡರೆ ಸರಪಣಿಯ ಜೊತೆಗೆ ಹಲ್ಲಿನ ಚಕ್ರದ ಆಯುಸ್ಸೂ ಮುಗಿಯಿತೆಂದು ತಿಳಿಯಬೇಕು.

ಗಾಲಿಯ ಬೆಂಡು ತೆಗೆಯುವುದು ಮಾತ್ರ ಕಲೆ. ಸಾಮಾನ್ಯವಾದ ಕರಿಯ ಬೈಸಿಕಲ್ಲಿಗೆ ಮುಂದೆ 32, ಹಿಂದೆ 40 ಕಡ್ಡಿಗಳು. ಗಾಲಿಯನ್ನು ತಿರುಗಿಸುತ್ತ ರಿಮ್ಮಿನ ಪಕ್ಕಕ್ಕೆ ಸೀಮೆಸುಣ್ಣವನ್ನು ಹಿಡಿದರೆ ಅದು ಎಲ್ಲಿ ತಾಗುವುದೋ ಅಲ್ಲಿ ಬೆಂಡು. ಆ ಬದಿಯ ಕಡ್ಡಿಯನ್ನು ಕಾಲು ಸುತ್ತು ಸಡಿಲಿಸಿ, ಎದುರು ಬದಿಯದನ್ನು ಅಷ್ಟೇ ಬಿಗಿಯಬೇಕು. ಕಡ್ಡಿಗಳನ್ನು ಬೆರಳಿನಿಂದ ಮೀಟಿದರೆ ಒಂದು ಬದಿಯವೆಲ್ಲ ಹೆಚ್ಚು ಕಡಿಮೆ ಒಂದೇ ಸ್ವರದಲ್ಲಿ ನುಡಿಯಬೇಕು. ಧಾರವಾಡದ ಸೀಮೆಯವರಿಗೆ ತಂಬೂರಿಯ ಶ್ರುತಿಯನ್ನು ಹೇಳಿಕೊಡಬೇಕಾಗಿಲ್ಲವಷ್ಟೆ!

ಈ ವಿದ್ಯೆಗೆ ನಿಜವಾದ ಪರೀಕ್ಷೆ ಬಂದದ್ದು ಎರಡನೆಯ ಮಹಾಯುದ್ಧದಲ್ಲಿ. ಹುಗಳಿಯ ತೀರದ ಸಹಾಗಂಜಿನಲ್ಲಿ ಡನ್‌ಲಪ್ ಕಾರಖಾನೆಯು 1936ರಲ್ಲಿಯೇ ತೆರೆದಿತ್ತು. ಆದರೆ 1942ರಲ್ಲಿ ಮಲಯವೂ ಸಿಂಗಪುರವೂ ಜಪಾನೀಯರ ವಶವಾದ ಮೇಲೆ ರಬ್ಬರು ಸೈನ್ಯದ ಪಾಲಾಯಿತು. ಇಂಗ್ಲೆಂಡಿನ ಸರಕು ನಿಂತಿತು, ಅಗ್ಗದ ಜಪಾನೀ ಬಿಡಿಭಾಗಗಳಂತೂ ಶತ್ರುವಿನ ಸರಕು. ಹರಿದ ಟೈರಿನ ಒಳಗೆ ಇನ್ನೊಂದು ಹಳೆಯ ಟೈರಿನ ತುಂಡನ್ನಿಟ್ಟು ಹೊಲಿದು ಓಡಿಸುವುದೇ ಉಳಿದ ದಾರಿ. ಸ್ವಾತಂತ್ರ್ಯ ಬಂದ ಬಳಿಕ 1949ರಲ್ಲಿ ಮದರಾಸಿನಲ್ಲಿ ಟಿ.ಐ. ಸೈಕಲ್ಸ್ ಸ್ಥಾಪಿತವಾಯಿತು. ಲುಧಿಯಾನದ ಕಥೆ ನಮ್ಮ ವಿಷಯಕ್ಕೆ ಇನ್ನೂ ಹತ್ತಿರದ್ದು. ಮುಂಜಾಲ್ ಸಹೋದರರು ಮೊದಲು ಬಿಡಿಭಾಗಗಳನ್ನು ಮಾರಿದರು, ಅನಂತರ ಮಾಡಿದರು, 1956ರಲ್ಲಿ ಹೀರೋ ಎಂಬ ಹೆಸರಿನಲ್ಲಿ ಪೂರ್ಣ ಬೈಸಿಕಲ್ಲನ್ನು ಹೊರತಂದರು. ಭಾರತದ ಬೈಸಿಕಲ್ಲು ಹುಟ್ಟಿದ್ದೇ ರಿಪೇರಿಯ ಅಂಗಡಿಯ ಹಿತ್ತಲಿನಲ್ಲಿ ಎನ್ನಬಹುದು. ಅಳತೆ ಹಳೆಯದೇ, ಆದುದರಿಂದ ಅಜ್ಜನ ಇಂಗ್ಲಿಷ್ ಬೈಸಿಕಲ್ಲು ಲುಧಿಯಾನದ ಪೆಡಲನ್ನೂ ಸರಪಣಿಯನ್ನೂ ತೊಟ್ಟು ಮೊಮ್ಮಗನ ಕಾಲದವರೆಗೆ ನಡೆಯಿತು.

ರಿಪೇರಿಯಿಂದ ಸುಧಾರಣೆಗೆ ಒಂದೇ ಹೆಜ್ಜೆ. ಕಾರ್ಬೈಡ್ ದೀಪ ಹೋಗಿ ಡೈನಮೋ ಬಂದಿತು. ವಿಳ್ಯದೆಲೆಯ ಪೆಂಡಿಯನ್ನೂ ಹಾಲಿನ ಕ್ಯಾನನ್ನೂ ಹೊರುವವರು ದಪ್ಪ ಸಲಾಕೆಯ ಕ್ಯಾರಿಯರನ್ನು ಕಮ್ಮಾರನಿಂದ ಮಾಡಿಸಿ, ಮುಂದಿನ ಕವಲಿಗೆ ಎರಡು ಆಧಾರದ ಕಂಬಿಗಳನ್ನು ಕೊಡಿಸಿದರು. ಸಾಣೆಯವನು ಪೆಡಲಿನಿಂದಲೇ ತನ್ನ ಕಲ್ಲನ್ನು ತಿರುಗಿಸಿದನು. ಇವೆಲ್ಲ ಒಳ್ಳೆಯ ಸುಧಾರಣೆಗಳು. ಏಕೆಂದರೆ ಒಂದೂ ಆ ಪಾನಾದ ಕೈ ಮೀರಿದ್ದಲ್ಲ. ಈಚೆಗೆ ನಗರಗಳಲ್ಲಿ ಮಾರುವ ಬೈಸಿಕಲ್ಲುಗಳಲ್ಲಿ ಹಲವಕ್ಕೆ ಮುಚ್ಚಿದ ಬೇರಿಂಗು, ವಿಶೇಷ ಉಪಕರಣವಿಲ್ಲದೆ ಕಳಚದ ಹಲ್ಲುಚಕ್ರ, ಎಣ್ಣೆಯ ಒತ್ತಡದ ಬ್ರೇಕು. ನಾನು ಇವುಗಳ ವಿರೋಧಿಯಲ್ಲ. ಮುಚ್ಚಿದ ಬೇರಿಂಗಿಗೆ ಹಾನಗಲ್ಲಿನ ಮಳೆ ಅಷ್ಟು ಬೇಗ ಹೊಗುವುದಿಲ್ಲ. ಆದರೆ ಅದು ಕೆಟ್ಟ ದಿನ ತೆಗೆದು ಬಿಸಾಡುವುದೊಂದೇ ಉಪಾಯ, ಹೊಸದು ಹುಬ್ಬಳ್ಳಿಯಿಂದಲೋ ಬೆಂಗಳೂರಿನಿಂದಲೋ ಬರಬೇಕು. ತಿರುಪನ್ನೇ ಬಿಟ್ಟು ಬಟ್ಟಲನ್ನು ಒತ್ತಿ ಕೂರಿಸುವ ಪದ್ಧತಿಯನ್ನು ಹಿಡಿದಿದ್ದ ಕೆಲವು ಹೆಸರಾಂತ ತಯಾರಕರು, ಕಿರುಗುಟ್ಟುವ ಸದ್ದಿನ ದೂರುಗಳನ್ನು ಕೇಳಿ, ಮತ್ತೆ ತಿರುಪಿನ ಬಟ್ಟಲಿಗೇ ಮರಳಿರುವುದು ಕುತೂಹಲದ ಸಂಗತಿ.

ನಮಗೆ ಹೆಚ್ಚು ಹತ್ತಿರದ ಪ್ರಶ್ನೆ ಇನ್ನೊಂದು. ಕರ್ನಾಟಕ ಸರ್ಕಾರವು 2006-07ರಲ್ಲಿ ಎಂಟನೆಯ ತರಗತಿಯ ಮಕ್ಕಳಿಗೆ ಬೈಸಿಕಲ್ಲು ಹಂಚುವ ಯೋಜನೆಯನ್ನು ಆರಂಭಿಸಿತು. ದೂರದ ಪ್ರೌಢಶಾಲೆಗೆ ಹೋಗಬೇಕಾದ ಹೆಣ್ಣುಮಕ್ಕಳಿಗೆ ಅದು ನಿಜವಾಗಿ ದೊಡ್ಡ ಉಪಕಾರ. ಆದರೆ ಹಂಚುವ ಹೊತ್ತಿಗೆ ಮೋಟಾರು ಬೈಕು ಹಳ್ಳಿಹಳ್ಳಿಗೂ ಬಂದು, ಮರದ ನೆರಳಿನ ಆ ಹುಡುಗನು ಮುದುಕನಾಗಿದ್ದನು. ಅವನ ಮಗನು ಬೈಸಿಕಲ್ಲನ್ನು ಮುಟ್ಟುವುದಕ್ಕಿಂತ ಬೈಕಿನ ಕೆಲಸದಲ್ಲಿ ಹೆಚ್ಚು ಗಳಿಸುತ್ತಿದ್ದನು. ಒಂದು ವಾಲ್ ಟ್ಯೂಬಿನ ದೆಸೆಯಿಂದ ಗೋಡೆಗೆ ಒರಗಿ ನಿಂತ ಬೈಸಿಕಲ್ಲು ಹುಡುಗಿಯೊಬ್ಬಳ ಒಂದು ವಾರದ ಪಾಠವನ್ನು ಕಳೆಯಬಲ್ಲದು. ಬೈಸಿಕಲ್ಲನ್ನು ಯಾರೇ ಕೊಡಲಿ, ಅದರೊಡನೆ ಒಂದು ಪಾನಾವನ್ನೂ ಒಂದು ಮಧ್ಯಾಹ್ನದ ಪಾಠವನ್ನೂ ಕೊಡುವುದು ಅತಿ ಅಗ್ಗದ ವಿದ್ಯಾದಾನವೆಂದು ನಾನು ನಂಬಿದ್ದೇನೆ.

ಸವಾರಿಯಿಂದ ನಿವೃತ್ತವಾದ ಬೈಸಿಕಲ್ಲುಗಳು ಈ ತಾಲ್ಲೂಕುಗಳಲ್ಲಿ ಏನಾಗುವುವೆಂಬುದನ್ನು ಗೋವಿನಜೋಳದ ಹೊಲದಲ್ಲಿ ನೋಡಬೇಕು. ಮುಂದಿನ ಗಾಲಿ, ಕವಲು, ಹ್ಯಾಂಡಲ್ಲುಗಳನ್ನು ಬೇರೆ ಮಾಡಿ, ಹಿಂದೆ ಒಂದು ಕುಡವನ್ನು ಬೆಸೆದು, ಸೈಕಲ್ ಎಡೆಕುಂಟೆಯನ್ನು ಮಾಡಿಕೊಳ್ಳುತ್ತಾರೆ. ಎತ್ತಿಲ್ಲದ ರೈತನೂ ರೈತಹೆಂಗಸೂ ಅದನ್ನು ತಳ್ಳುತ್ತ ಸಾಲುಗಳ ನಡುವಣ ಕಳೆಯನ್ನು ತೆಗೆಯುವರು. ಟೈರು ಟ್ಯೂಬುಗಳಿಲ್ಲದ ಆ ಗಾಲಿಯೊಳಗೆ ಗುಂಡುಗಳು ಇನ್ನೂ ಇವೆ. ಮಳೆಗಾಲ ಕಳೆದ ಮೇಲೆ ಅವುಗಳನ್ನೂ ಬಿಚ್ಚಿ ತೊಳೆದು ಗ್ರೀಸು ಹಾಕಬೇಕಾಗುವುದು.