ಪಳಗಿದ ಎತ್ತು, ಪಳಗಿದ ಪೈಲಟ್: ಯುದ್ಧದ ನಷ್ಟವನ್ನು ಅಳೆಯುವ ಬಗೆ

1791ರ ಮೇ 15ರಂದು ಇಂದಿನ ಮಂಡ್ಯ ಜಿಲ್ಲೆಯ ಅರಕೆರೆಯ ಬಳಿ ಈಸ್ಟ್ ಇಂಡಿಯಾ ಕಂಪನಿಯ ಲಾರ್ಡ್ ಕಾರ್ನ್‌ವಾಲಿಸನ ದಂಡು ಟಿಪ್ಪು ಸುಲ್ತಾನನ ಪಡೆಯನ್ನು ಶ್ರೀರಂಗಪಟ್ಟಣದ ಗೋಡೆಯವರೆಗೆ ಹಿಮ್ಮೆಟ್ಟಿಸಿತು. ಗೆದ್ದವನು ಮಾಡಬೇಕಾದ್ದು ಮುತ್ತಿಗೆ. ಅವನು ಮಾಡಿದ್ದು ಬೇರೆ. ವಾರ ಕಳೆಯುವಷ್ಟರಲ್ಲಿ ಕನ್ನಂಬಾಡಿಯ ಬಳಿ, ಬೆಂಗಳೂರಿನಿಂದ ಕಷ್ಟಪಟ್ಟು ಎಳೆಸಿ ತಂದಿದ್ದ ಕೋಟೆ ಒಡೆಯುವ ಭಾರಿ ಫಿರಂಗಿಗಳನ್ನು ತಾನೇ ಸಿಡಿಸಿ ಹಾಳುಮಾಡಿ ಬೆಂಗಳೂರಿನತ್ತ ಹಿಂದಿರುಗಿದ. ಫಿರಂಗಿಗಳಿದ್ದವು, ಮದ್ದುಗುಂಡುಗಳಿದ್ದವು, ಹೊಡೆಯುವ ಸಿಪಾಯಿಗಳೂ ಇದ್ದರು. ಇಲ್ಲದ್ದು ಎಳೆಯುವ ಎತ್ತು. ಟಿಪ್ಪು ದಾರಿಯುದ್ದಕ್ಕೂ ಮೇವನ್ನು ಸುಡಿಸಿದ್ದ, ಮಳೆ ಹಿಡಿದಿತ್ತು, ದನಗಳಿಗೆ ರೋಗ ತಗುಲಿತ್ತು. ಸೈನ್ಯದ ಇತಿಹಾಸಗಳು ಈ ಪ್ರಸಂಗವನ್ನು ಸಾಮಾನ್ಯವಾಗಿ ಸರಬರಾಜಿನ ತೊಂದರೆ ಎಂಬ ಒಂದು ಸಾಲಿನಲ್ಲಿ ಮುಗಿಸುತ್ತವೆ. ನನ್ನ ಮಟ್ಟಿಗೆ ಇದು ಅಷ್ಟಕ್ಕೇ ಮುಗಿಯುವ ಸಂಗತಿಯಲ್ಲ. ಯುದ್ಧದಲ್ಲಿ ಕಳೆದುಕೊಂಡದ್ದರ ಬೆಲೆಯನ್ನು ಅದನ್ನು ಕೊಳ್ಳಲು ತೆತ್ತ ಹಣದಿಂದ ಅಳೆಯಲಾಗದು, ಅದನ್ನು ಮತ್ತೆ ಸಿದ್ಧಪಡಿಸಲು ಹಿಡಿಯುವ ಕಾಲದಿಂದ ಅಳೆಯಬೇಕು ಎಂಬುದು ಈ ಲೇಖನದ ವಾದ. ಇಂದಿನ ವಾಯುಯುದ್ಧದಲ್ಲಿ ವಿಮಾನಕ್ಕಿಂತ ಪೈಲಟ್‌ನ ನಷ್ಟ ಏಕೆ ಭಾರವಾಗುತ್ತದೆ ಎಂಬ ಪ್ರಶ್ನೆಗೆ ಮಂಡ್ಯ, ಮದ್ದೂರು, ಮಳವಳ್ಳಿಗಳ ನೆಲದಲ್ಲಿ ಎರಡು ಶತಮಾನಕ್ಕೂ ಹಿಂದೆ ನಡೆದ ಯುದ್ಧಗಳು ಸಾಕ್ಷ್ಯ ಒದಗಿಸುತ್ತವೆ.

ಎತ್ತು ಸಿಕ್ಕಲ್ಲಿ ಸಿಗುವ ಪ್ರಾಣಿಯಲ್ಲವೇ ಎಂದು ಕೇಳಬಹುದು. ಉಳುವ ಎತ್ತು ಹೌದು, ಫಿರಂಗಿ ಎಳೆಯುವ ಎತ್ತು ಅಲ್ಲ. ಮೈಸೂರಿನ ಅರಸರು ಇದನ್ನು ಬಹಳ ಮೊದಲೇ ಕಂಡುಕೊಂಡಿದ್ದರು. ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಬೆಣ್ಣೆ ಚಾವಡಿ ಎಂಬ ಹೆಸರಿನಲ್ಲಿ ಅರಮನೆಯ ದನದ ಹಿಂಡುಗಳಿಗೊಂದು ಇಲಾಖೆ ರೂಪುಗೊಂಡಿತು; ಟಿಪ್ಪು ಅದಕ್ಕೆ ಅಮೃತಮಹಲ್ ಎಂದು ಹೆಸರಿಟ್ಟ. ಹಳ್ಳಿಕಾರ್ ತಳಿಯ ಮೂಲದಿಂದ ಬಂದ ಈ ದನಗಳಿಗೆ ರಾಜ್ಯದ ತುಂಬ ಕಾವಲು ಎಂಬ ಮೀಸಲು ಹುಲ್ಲುಗಾವಲುಗಳಿದ್ದವು. ಋತುವಿಗೆ ತಕ್ಕಂತೆ ಹಿಂಡನ್ನು ಒಂದು ಕಾವಲಿನಿಂದ ಇನ್ನೊಂದಕ್ಕೆ ಹೊಡೆಯುವ, ತಲೆಮಾರಿನಿಂದ ಅದೇ ಕೆಲಸದಲ್ಲಿದ್ದ ದನಗಾಹಿಗಳಿದ್ದರು. ಅರೆಕಾಡು ಸ್ವಭಾವದ ಹೋರಿಗರುವನ್ನು ಬೀಜ ಒಡೆದು, ನೊಗಕ್ಕೆ ಪಳಗಿಸಿ, ಗುಂಡಿನ ಸದ್ದಿಗೆ ಬೆದರದಂತೆ ಜೋಡಿಯ ಜೊತೆ ಹೆಜ್ಜೆ ಹಾಕುವಂತೆ ಮಾಡಲು ನಾಲ್ಕೈದು ವರ್ಷ ಬೇಕು. ಫಲವೂ ಅದಕ್ಕೆ ತಕ್ಕಂತೆಯೇ ಇತ್ತು. 1781ರಲ್ಲಿ ಚಿದಂಬರದ ರಕ್ಷಣೆಗೆ ಹೈದರಾಲಿ ಎರಡೂವರೆ ದಿನದಲ್ಲಿ ನೂರು ಮೈಲಿ, ಅಂದರೆ ಸುಮಾರು 160 ಕಿಲೋಮೀಟರ್, ಸೈನ್ಯ ಸಾಗಿಸಿದ್ದು ಈ ಎತ್ತುಗಳ ಬಲದಿಂದ ಎಂದು ಮೈಸೂರು ಗ್ಯಾಸೆಟಿಯರ್ ಹೇಳುತ್ತದೆ. ಕಂಪನಿಯ ದಂಡಿನಲ್ಲಿ ಇದ್ದದ್ದಾದರೂ ಗುತ್ತಿಗೆದಾರರ ಮೂಲಕ ಕಂಡಕಂಡಲ್ಲಿ ಕೂಡಿಹಾಕಿದ ಎತ್ತುಗಳು. ಲೆಕ್ಕದ ಪುಸ್ತಕದಲ್ಲಿ ಎರಡೂ ಎತ್ತೇ, ದಾರಿಯಲ್ಲಿ ಮಾತ್ರ ಬೇರೆ ಬೇರೆ.

ಇಲ್ಲಿಯೇ ಒಂದು ಗಟ್ಟಿ ಆಕ್ಷೇಪ ಎದುರಾಗುತ್ತದೆ. ಎತ್ತು ಸತ್ತಿದ್ದರಿಂದಲೇ ಕಾರ್ನ್‌ವಾಲಿಸ್ ಸೋತನೆಂದರೆ, ಒಂಬತ್ತೇ ತಿಂಗಳಲ್ಲಿ, 1792ರ ಫೆಬ್ರವರಿ 6ರ ರಾತ್ರಿ, ಶ್ರೀರಂಗಪಟ್ಟಣದ ಹೊರವಲಯಕ್ಕೆ ನುಗ್ಗಿ ಗೆದ್ದದ್ದು ಹೇಗೆ? ಈ ಆಕ್ಷೇಪ ವಾದವನ್ನು ಕೆಡಿಸುವುದಿಲ್ಲ, ತಿದ್ದುತ್ತದೆ. ಕಂಪನಿ ತನಗೆ ಬೇಕಾದ ನುರಿತವರನ್ನು ಹೊಸದಾಗಿ ತಯಾರಿಸಲಿಲ್ಲ. ಬೇರೆಯವರು ತಲೆಮಾರುಗಳಿಂದ ಬೆಳೆಸಿದ್ದನ್ನು ಬಾಡಿಗೆಗೆ ಪಡೆಯಿತು. ದಖ್ಖನ್ನಿನ ಉದ್ದಗಲಕ್ಕೂ ಎತ್ತಿನ ಹಿಂಡುಗಳ ಮೇಲೆ ಧಾನ್ಯ ಸಾಗಿಸುತ್ತಿದ್ದ ಲಂಬಾಣಿಗಳು ಎರಡನೆಯ ದಂಡಯಾತ್ರೆಯಲ್ಲಿ ಅದರ ಬೆನ್ನಿಗಿದ್ದರು, ಮರಾಠರೂ ನಿಜಾಮನೂ ಜೊತೆಗಿದ್ದರು, ಬಂಗಾಳದ ಬೊಕ್ಕಸ ಹಿಂದಿತ್ತು. ಅಂದರೆ ನಷ್ಟದ ಗಾತ್ರಕ್ಕಿಂತ ತುಂಬಿಕೊಳ್ಳುವ ವೇಗ ಮುಖ್ಯವಾಯಿತು. ಟಿಪ್ಪುವಿಗೆ ಆ ವೇಗ ಇರಲಿಲ್ಲ. ಅದೇ ಫೆಬ್ರವರಿ ರಾತ್ರಿಯ ಗೊಂದಲದಲ್ಲಿ ಅವನ ಸೇವೆಯಲ್ಲಿದ್ದ ಯುರೋಪಿಯನ್ನರಲ್ಲಿ ಹಲವರು, ಕೋಟೆಯ ಕೆಲಸ ಬಲ್ಲ ವಯಸ್ಸಾದ ಫ್ರೆಂಚ್ ಇಂಜಿನಿಯರನೂ ಸೇರಿದಂತೆ, ಶತ್ರುವಿನ ಕಡೆ ಸೇರಿದರು. ಕೊಡಗಿನಿಂದ ಬಲವಂತವಾಗಿ ತಂದು ಪಡೆಗೆ ಸೇರಿಸಿದ್ದವರು ಗುಂಪುಗುಂಪಾಗಿ ಊರಿನ ದಾರಿ ಹಿಡಿದರು. ಕಲಿತವನನ್ನು ಹಿಡಿದಿಟ್ಟುಕೊಳ್ಳುವುದು ಕಲಿಸಿದಷ್ಟೇ ಕಷ್ಟದ ಕೆಲಸ, ಬಲವಂತದಿಂದ ಆಗುವಂಥದ್ದಲ್ಲ. ಮಾರ್ಚ್‌ನ ಒಪ್ಪಂದದಲ್ಲಿ ಟಿಪ್ಪುವಿನ ಅರ್ಧ ರಾಜ್ಯವೂ 3 ಕೋಟಿ 30 ಲಕ್ಷ ರೂಪಾಯಿಯೂ ಹೋದವು, ಇಬ್ಬರು ಮಕ್ಕಳು ಒತ್ತೆಯಾದರು. ಹಣದ ಬಾಬ್ತು ಅವನು ತೀರಿಸಿದ. ಆದರೆ ಅರ್ಧ ರಾಜ್ಯದೊಡನೆ ಹೋದ ಜನ, ಕುದುರೆ, ಕಾವಲುಗಳನ್ನು ಏಳು ವರ್ಷದಲ್ಲಿ ಯಾವ ಬೊಕ್ಕಸವೂ ಮರಳಿ ಕಟ್ಟಲಾರದು.

ಆ ಏಳು ವರ್ಷದ ಪರೀಕ್ಷೆ ನಡೆದದ್ದು ಮಳವಳ್ಳಿಯಲ್ಲಿ. 1799ರ ಫೆಬ್ರವರಿಯಲ್ಲಿ ವೆಲ್ಲೂರಿನಿಂದ ಹೊರಟ ಕಂಪನಿಯ ಜನರಲ್ ಹ್ಯಾರಿಸ್, ಚನ್ನಪಟ್ಟಣ–ಮದ್ದೂರಿನ ಹೆದ್ದಾರಿಯನ್ನು ಬಿಟ್ಟು ಕನಕಪುರದ ತೆಂಕಣ ದಾರಿ ಹಿಡಿದ. ಮದ್ದೂರಿನಲ್ಲಿ ಎದುರು ನೋಡುತ್ತಿದ್ದ ಟಿಪ್ಪು ಶಿಂಷಾ ನದಿಯ ಪಶ್ಚಿಮಕ್ಕೆ, ಮಳವಳ್ಳಿಯ ಕಡೆಗೆ ಪಡೆಯನ್ನು ತಿರುಗಿಸಬೇಕಾಯಿತು. ಭಾರಿ ತೋಪುಗಳನ್ನು ಎಳೆಯುತ್ತ ಆಮೆಯಂತೆ ಸಾಗುತ್ತಿದ್ದ ದಂಡಿಗೆ ನದಿ ದಾಟುವ ಹೊತ್ತು ಅತ್ಯಂತ ಅಪಾಯದ ಹೊತ್ತು. ಅಲ್ಲಿ ತಡೆಯದೆ ಬಯಲಿನಲ್ಲಿ ಎದುರಿಸಿದ್ದು ಟಿಪ್ಪುವಿನ ತಪ್ಪು ಎಂದು ಬ್ರಿಟಿಷ್ ಬರಹಗಾರರೇ ಬರೆದಿದ್ದಾರೆ. ಮಾರ್ಚ್ 27ರಂದು ಅವನ ಕಾಲ್ದಳದ ಒಂದು ತುಕಡಿ ಆರ್ಥರ್ ವೆಲ್ಲೆಸ್ಲಿಯ ಭಾಗದಲ್ಲಿದ್ದ 33ನೇ ರೆಜಿಮೆಂಟಿನ ಮೇಲೆ ನೇರವಾಗಿ ನಡೆದುಬಂತು. ಎದುರಾಳಿಗಳೂ ಮೆಚ್ಚಿದಂತೆ, ಸಾಲು ಕೆಡಿಸದೆ, ಅವಸರಪಡದೆ ಬಂತು. ಹತ್ತಿರದಿಂದ ಬಿದ್ದ ಬಂದೂಕಿನ ಸುರಿಮಳೆ, ಹಿಂದೆಯೇ ಬಯೊನೆಟ್, ಅದರ ಹಿಂದೆ ಫ್ಲಾಯ್ಡನ ಅಶ್ವದಳ, ತುಕಡಿ ಚೂರಾಯಿತು. ಕಂಪನಿಯ ಕಡೆ ಸತ್ತವರು ಗಾಯಗೊಂಡವರು ಸೇರಿ ನೂರನ್ನೂ ಮುಟ್ಟಲಿಲ್ಲ. ಸಂಖ್ಯೆಯಲ್ಲಿ ಇದು ದೊಡ್ಡ ಯುದ್ಧವಲ್ಲ. ಟಿಪ್ಪುವಿನ ಬಳಿ ಇನ್ನೂ ಸಾವಿರಾರು ಜನರಿದ್ದರು. ಆದರೆ ಬಯಲಿನಲ್ಲಿ ಸಾಲು ಕಾಯ್ದುಕೊಂಡು ಮುನ್ನಡೆಯುವ ಸಿಪಾಯಿ ಯಾವ ಪಡೆಯಲ್ಲೂ ಕೆಲವರೇ. ಆ ಕೆಲವರು ಮಳವಳ್ಳಿಯಲ್ಲಿ ಬಿದ್ದ ಮೇಲೆ ಮೈಸೂರಿನ ಪಡೆ ಬಯಲಿನಲ್ಲಿ ಮತ್ತೊಮ್ಮೆ ಮುಖಾಮುಖಿ ನಿಲ್ಲಲಿಲ್ಲ. ಹ್ಯಾರಿಸ್ ಸೋಸಲೆಯ ಬಳಿ ಅಡ್ಡಿಯಿಲ್ಲದೆ ಕಾವೇರಿ ದಾಟಿ, ಮೇವು ಸುಡದೆ ಉಳಿದಿದ್ದ ದಕ್ಷಿಣ ದಂಡೆಯಿಂದ ಶ್ರೀರಂಗಪಟ್ಟಣ ಸೇರಿದ. ಮೇ 4ರಂದು ಕೋಟೆ ಬಿತ್ತು.

ಕೋಟೆ ಬಿದ್ದದ್ದು ಟಿಪ್ಪುವಿನ ಮಂತ್ರಿ ಮೀರ್ ಸಾದಿಕನ ದ್ರೋಹದಿಂದ, ಎತ್ತು–ಸಿಪಾಯಿಗಳ ಲೆಕ್ಕ ಇಲ್ಲೇಕೆ ಎನ್ನುವವರಿದ್ದಾರೆ. ಮಂಡ್ಯ ಸೀಮೆಯ ಜನಮನಸ್ಸಿನಲ್ಲಿ ಈ ವಿವರಣೆ ಆಳವಾಗಿ ಬೇರೂರಿದೆ. ದ್ರೋಹ ನಡೆದಿರಲಿ ಬಿಡಲಿ, ಅದು ಮೇ 4ರ ಮಧ್ಯಾಹ್ನವನ್ನು ವಿವರಿಸಬಲ್ಲದು. ಶತ್ರುವಿನ ಮುತ್ತಿಗೆ ತೋಪುಗಳು ಏಪ್ರಿಲ್‌ನಲ್ಲಿ ಕೋಟೆಯ ಪಶ್ಚಿಮಕ್ಕೆ ಹೇಗೆ ಬಂದು ನಿಂತವು ಎಂಬುದನ್ನು ಅದು ವಿವರಿಸದು. 1791ರಲ್ಲಿ ಅದೇ ಬಗೆಯ ತೋಪುಗಳು ಕನ್ನಂಬಾಡಿಯಲ್ಲಿ ಸಿಡಿದು ಚೂರಾಗಿದ್ದವು ಎಂಬುದನ್ನು ನೆನೆದರೆ ವ್ಯತ್ಯಾಸ ಎಲ್ಲಿದೆ ಎಂಬುದು ತಿಳಿಯುತ್ತದೆ.

ಯುದ್ಧದಲ್ಲಿ ಕಳೆದುಕೊಳ್ಳುವುದಕ್ಕಿಂತ ಶಾಂತಿಯಲ್ಲಿ ಕಳೆದುಕೊಳ್ಳುವುದು ಇನ್ನೂ ಸುಲಭ. ಶ್ರೀರಂಗಪಟ್ಟಣದ ಪತನದ ನಂತರ ಅಮೃತಮಹಲ್ ಹಿಂಡುಗಳು ಗೆದ್ದವರ ಪಾಲಾದವು. 1803ರ ದಖ್ಖನ್ ದಂಡಯಾತ್ರೆಯಲ್ಲಿ ವೆಲ್ಲೆಸ್ಲಿಯ ವೇಗದ ಹಿಂದೆ ಮೈಸೂರಿನ ಎತ್ತುಗಳಿದ್ದವು. ನಿರ್ವಹಣೆ ಸಡಿಲಗೊಂಡು ಹಿಂಡು ಕೆಟ್ಟಾಗ 1813ರಲ್ಲಿ ಮದ್ರಾಸ್ ಸೈನ್ಯದ ಅಧಿಕಾರಿಯೊಬ್ಬ ಅದನ್ನು ವಹಿಸಿಕೊಂಡು ಸರಿಪಡಿಸಬೇಕಾಯಿತು. ಆದರೂ 1860ರಲ್ಲಿ, ಖರ್ಚು ತಗ್ಗಿಸುವ ನೆಪದಲ್ಲಿ, ಮದ್ರಾಸ್ ಸರ್ಕಾರ ಇಡೀ ಇಲಾಖೆಯನ್ನು ಮುಚ್ಚಿ ಹಿಂಡನ್ನು ಮಾರಿತು. ಕೆಲವೇ ವರ್ಷಗಳಲ್ಲಿ, ಫಿರಂಗಿ ಎಳೆಯಲು ಯೋಗ್ಯವಾದ ಎತ್ತು ಪೇಟೆಯಲ್ಲಿ ಸಿಗುವುದಿಲ್ಲ ಎಂಬುದು ಅರಿವಾಗಿ 1866ರಲ್ಲಿ ಅಳಿದುಳಿದ ದನಗಳನ್ನು ಹುಡುಕಿ ಕೊಂಡು ಮತ್ತೆ ಮೊದಲಿನಿಂದ ಶುರುಮಾಡಿತು. ಯಾವ ಶತ್ರುವೂ ಗುಂಡು ಹಾರಿಸಿರಲಿಲ್ಲ.

ಇಪ್ಪತ್ತನೆಯ ಶತಮಾನದ ಆಕಾಶದಲ್ಲಿ ಇದೇ ಲೆಕ್ಕ ಹೊಸ ಉಪಕರಣಗಳೊಂದಿಗೆ ಮರುಕಳಿಸಿತು. 1940ರ ಆಗಸ್ಟ್–ಸೆಪ್ಟೆಂಬರ್‌ನಲ್ಲಿ ಬ್ರಿಟನ್ನಿನ ಕಾರ್ಖಾನೆಗಳು ಕಳೆದುಕೊಂಡಷ್ಟು ಫೈಟರ್‌ಗಳನ್ನು ತಯಾರಿಸಿಕೊಡುತ್ತಿದ್ದವು; ವಾಯುಪಡೆಯ ಮುಖ್ಯಸ್ಥರ ನಿದ್ದೆ ಕೆಡಿಸಿದ್ದು ಪೈಲಟ್‌ಗಳ ಕೊರತೆ. ತಮ್ಮ ನೆಲದ ಮೇಲೆಯೇ ಪ್ಯಾರಾಚೂಟಿನಲ್ಲಿ ಇಳಿದವರು ಮರುದಿನ ಮತ್ತೆ ಹಾರಬಲ್ಲವರಾಗಿದ್ದುದು, ಜರ್ಮನ್ನರು ಸೆರೆಯಾಗುತ್ತಿದ್ದುದು, ಫಲಿತಾಂಶವನ್ನು ತಿರುಗಿಸಿತು. 1941ರ ಜೂನ್‌ನಲ್ಲಿ ಸೋವಿಯತ್ ಒಕ್ಕೂಟ ಕೆಲವೇ ದಿನಗಳಲ್ಲಿ ಸಾವಿರಾರು ವಿಮಾನ ಕಳೆದುಕೊಂಡಿತು. ಬಹುಪಾಲು ನಿಂತಲ್ಲೇ ಸುಟ್ಟವು, ಓಡಿಸುವವರಲ್ಲಿ ಅನೇಕರು ಉಳಿದರು. ಕಾರ್ಖಾನೆಗಳನ್ನು ಯೂರಲ್ ಬೆಟ್ಟಗಳಾಚೆ ಸಾಗಿಸಿ ಆ ಪಡೆ ಮತ್ತೆ ತಲೆಯೆತ್ತಿತು. ಜಪಾನಿನ ಕಥೆ ತಿರುಗುಮುರುಗು. ವರ್ಷಗಟ್ಟಲೆ ತರಬೇತಿ ಪಡೆದ ನೌಕಾಪಡೆಯ ಪೈಲಟ್‌ಗಳನ್ನು ಅದು 1942–43ರಲ್ಲಿ ಸೊಲೊಮನ್ ದ್ವೀಪಗಳ ಮೇಲೆ ಸವೆಸಿತು. ಅಮೆರಿಕ ನುರಿತವರನ್ನು ಕಲಿಸಲು ಮನೆಗೆ ಕಳಿಸುತ್ತಿದ್ದರೆ, ಜಪಾನ್ ಅವರನ್ನು ಸಾಯುವತನಕ ಮುಂಚೂಣಿಯಲ್ಲೇ ಇಟ್ಟಿತು. 1944ರ ಹೊತ್ತಿಗೆ ಅದರ ಬಳಿ ವಿಮಾನಗಳಿದ್ದವು, ಅವನ್ನು ಹಾರಿಸಬಲ್ಲವರು ಹಸುಳೆಗಳು.

ಕರ್ನಾಟಕಕ್ಕೆ ಹತ್ತಿರದ ಸಾಕ್ಷ್ಯ 1965ರ ಭಾರತ–ಪಾಕಿಸ್ತಾನ ಯುದ್ಧದ್ದು. ಕೊಡಗಿನ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ಬೋಪಯ್ಯ ದೇವಯ್ಯ ಯುದ್ಧ ಆರಂಭವಾಗುವಾಗ ಹಾರಾಟ ಕಲಿಸುವ ಶಿಕ್ಷಕರಾಗಿದ್ದರು. ಅಲ್ಲಿಂದ ಒಂದನೇ ಸ್ಕ್ವಾಡ್ರನ್ನಿಗೆ ಬಂದು, ಸೆಪ್ಟೆಂಬರ್ 7ರಂದು ಸರ್ಗೋಧಾ ನೆಲೆಯ ಮೇಲಿನ ದಾಳಿಗೆ ಮಿಸ್ಟೇರ್ ವಿಮಾನದಲ್ಲಿ ಹೊರಟವರು ಮರಳಲಿಲ್ಲ. ಶಬ್ದದ ಎರಡು ಪಟ್ಟು ವೇಗದ ಸ್ಟಾರ್‌ಫೈಟರ್ ಬೆನ್ನಟ್ಟಿದಾಗ, ಅದಕ್ಕಿಂತ ಎಷ್ಟೋ ನಿಧಾನದ ತಮ್ಮ ಪೆಟ್ಟುತಿಂದ ವಿಮಾನದಿಂದಲೇ ಅವರು ಅದನ್ನು ಹೊಡೆದುರುಳಿಸಿದ್ದರು ಎಂಬುದು ಹೊರಜಗತ್ತಿಗೆ ತಿಳಿಯಲು ವರ್ಷಗಳೇ ಬೇಕಾದವು; ಮಹಾವೀರ ಚಕ್ರ ಬಂದದ್ದು 1988ರಲ್ಲಿ. ಯಂತ್ರದ ಕೊರತೆಯನ್ನು ಪಳಗಿದ ಕೈ ಎಷ್ಟರಮಟ್ಟಿಗೆ ತುಂಬಬಲ್ಲದೆಂಬುದಕ್ಕೆ ಇದಕ್ಕಿಂತ ಸ್ಪಷ್ಟ ಉದಾಹರಣೆ ನಮ್ಮಲ್ಲಿ ವಿರಳ. ಎದುರಾಳಿ ಅಮ್ಜದ್ ಹುಸೇನ್ ಪ್ಯಾರಾಚೂಟಿನಲ್ಲಿ ಇಳಿದು ಬದುಕಿ 1971ರ ಯುದ್ಧದಲ್ಲೂ ಹಾರಿದರು. ಅದೇ 1965ರಲ್ಲಿ ಹಂಟರ್ ವಿಮಾನ ಕಳೆದುಕೊಂಡು ಸೆರೆಸಿಕ್ಕ ಇನ್ನೊಬ್ಬ ಕೊಡವ, ನಂದಾ ಕಾರ್ಯಪ್ಪ, ಮರಳಿ ಬಂದು ಏರ್ ಮಾರ್ಷಲ್ ಆದರು. ಒಂದು ವಿಮಾನಕ್ಕೆ ಒಂದು ವಿಮಾನ ಎಂದು ಬರೆದಿಟ್ಟರೆ ಲೆಕ್ಕ ಸರಿಹೋಗುತ್ತದೆ. ಆದರೆ ದೇವಯ್ಯನವರೊಂದಿಗೆ ಹೋದದ್ದು ಒಬ್ಬ ಪೈಲಟ್ ಮಾತ್ರವಲ್ಲ, ಅವರಿಂದ ಕಲಿಯಬೇಕಿದ್ದ ಮುಂದಿನ ತಂಡಗಳ ಕಲಿಕೆಯೂ ಹೋಯಿತು.

ಪ್ರಾಣಿಯನ್ನೂ ಮನುಷ್ಯನನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಅನುಚಿತ ಎಂಬ ಮಾತನ್ನು ಒಪ್ಪುತ್ತೇನೆ, ಜೀವದ ಬೆಲೆಯ ಪ್ರಶ್ನೆಯಾದಾಗ. ಇಲ್ಲಿ ತೂಗುತ್ತಿರುವುದು ರಾಜ್ಯವೊಂದು ಕಾಲವನ್ನು ಹೇಗೆ ಖರ್ಚುಮಾಡುತ್ತದೆ ಎಂಬುದನ್ನು. ಇದಕ್ಕಿಂತ ಗಂಭೀರವಾದ ಆಕ್ಷೇಪ ಡ್ರೋನ್‌ಗಳದು: ಪೈಲಟ್ಟೇ ಬೇಡವಾದ ಮೇಲೆ ಈ ವಾದಕ್ಕೆ ಏನು ಅರ್ಥ? ಕೆಲವೇ ವಾರಗಳಲ್ಲಿ ಕಲಿಯಬಹುದಾದ, ಅಗ್ಗದ ಯಂತ್ರಗಳು ಹೋರಾಡುವಷ್ಟರಮಟ್ಟಿಗೆ ನನ್ನ ವಾದ ದುರ್ಬಲವಾಗುತ್ತದೆ, ನಿಜ. ಆದರೆ ಡ್ರೋನ್ ಯುದ್ಧದ ತವರೆನಿಸಿದ ಉಕ್ರೇನೇ ಎಫ್-16 ವಿಮಾನಗಳಿಗಾಗಿ ತನ್ನ ಆಯ್ದ ಪೈಲಟ್‌ಗಳನ್ನು ತಿಂಗಳುಗಟ್ಟಲೆ ವಿದೇಶದಲ್ಲಿ ಕಲಿಸಿತು. 2024ರ ಆಗಸ್ಟ್ 26ರಂದು ಅದು ಕಳೆದುಕೊಂಡ ಮೊದಲ ಎಫ್-16 ಜೊತೆ ಪೈಲಟ್ ಓಲೆಕ್ಸಿ ಮೆಸ್ ಮಡಿದಾಗ, ವಿಮಾನ ಕೊಟ್ಟ ದೇಶಗಳು ಇನ್ನೊಂದು ವಿಮಾನ ಕೊಡಬಹುದಿತ್ತು, ಇನ್ನೊಬ್ಬ ಮೆಸ್‌ನನ್ನು ಕೊಡುವಂತಿರಲಿಲ್ಲ.

1860ರ ಮದ್ರಾಸ್ ಸರ್ಕಾರದ ಉಳಿತಾಯವನ್ನು ಹಳೆಯ ಮೂರ್ಖತನವೆಂದು ನಗುವ ಮೊದಲು ಬೀದರನ್ನು ನೋಡಬೇಕು. ಕಲಿಯುವ ವಿಮಾನದಿಂದ ನೇರವಾಗಿ ಮಿಗ್-21ಕ್ಕೆ ಹತ್ತುತ್ತಿದ್ದ ಯುವ ಪೈಲಟ್‌ಗಳಿಗೆ ನಡುವೆ ಒಂದು ಮೆಟ್ಟಿಲು, ಅಂದರೆ ಮುಂದುವರಿದ ಜೆಟ್ ತರಬೇತಿ ವಿಮಾನ, ಬೇಕೆಂದು ಭಾರತೀಯ ವಾಯುಪಡೆಯ ಅಪಘಾತಗಳನ್ನು ಪರಿಶೀಲಿಸಿದ ಲಾ ಫೊಂಟೇನ್ ಸಮಿತಿ 1982ರಲ್ಲೇ ಹೇಳಿತ್ತು. ಅಂಥ ತರಬೇತಿಗೆಂದು ಆಯ್ದ ಹಾಕ್ ವಿಮಾನಗಳ ಒಪ್ಪಂದಕ್ಕೆ ಸಹಿ ಬಿದ್ದದ್ದು 2004ರ ಮಾರ್ಚ್‌ನಲ್ಲಿ. ಬೀದರಿನ ವಾಯುನೆಲೆಯಲ್ಲಿ ಅವು ಸೇವೆಗೆ ಸೇರಿದ್ದು 2008ರ ಫೆಬ್ರವರಿಯಲ್ಲಿ. ಮೊದಲ 66ರ ಪೈಕಿ 42ನ್ನು ಬೆಂಗಳೂರಿನ ಹೆಚ್‌ಎಎಲ್ ಜೋಡಿಸಬೇಕಿತ್ತು. ಅದರ ಮರುವರ್ಷವೇ ಕಲಿಕೆಯ ಮೊದಲ ಮೆಟ್ಟಿಲು ಕುಸಿಯಿತು: 2009ರಲ್ಲಿ ಇಬ್ಬರು ಪೈಲಟ್‌ಗಳು ಮಡಿದ ಅಪಘಾತದ ನಂತರ ಎಚ್‌ಪಿಟಿ-32 ವಿಮಾನಗಳನ್ನು ನೆಲಕ್ಕಿಳಿಸಲಾಯಿತು, ಸ್ವಿಟ್ಜರ್ಲೆಂಡಿನ ಪಿಲಾಟಸ್ ಬರುವವರೆಗೆ, ಅಂದರೆ 2013ರವರೆಗೆ, ಬೆಂಗಳೂರಿನಲ್ಲೇ ರೂಪುಗೊಂಡ ಹಳೆಯ ಕಿರಣ್ ಜೆಟ್‌ಗಳ ಮೇಲೆ ಹೊಸಬರು ಮೊದಲ ಪಾಠ ಕಲಿಯಬೇಕಾಯಿತು. ಮೊದಲ ಮೆಟ್ಟಿಲಿಗಾಗಿ ಹೆಚ್‌ಎಎಲ್ ತಾನೇ ವಿನ್ಯಾಸಗೊಳಿಸಿದ ಎಚ್‌ಟಿಟಿ-40ರ 70 ವಿಮಾನಗಳಿಗೆ ಒಪ್ಪಂದವಾದದ್ದು 2023ರ ಮಾರ್ಚ್‌ನಲ್ಲಿ, ಹಳೆಯವು ನೆಲಕ್ಕಿಳಿದು ಹದಿಮೂರು ವರ್ಷ ಕಳೆದ ಮೇಲೆ.