ರಾಮಗಢಕ್ಕೆ ಪೊಲೀಸರು ಬಂದದ್ದು

ಹೊಡೆದಾಟದ ಚಿತ್ರಗಳ ಬಗ್ಗೆ ಸಂಘದ ಪತ್ರಿಕೆಯಲ್ಲಿ ಬರೆಯುವುದೇ ಎಂದು ಹಿರಿಯರು ಹುಬ್ಬೇರಿಸಬಹುದು. ಆದರೆ ನಮ್ಮ ಮನೆಗಳಲ್ಲಿ ಮಕ್ಕಳು ನೋಡುವುದು ಅವನ್ನೇ. ನಿಜ ಹೇಳಬೇಕೆಂದರೆ ನಾವೂ ನೋಡಿದ್ದೇವೆ. ಮೂರು ಗಂಟೆ ನೆತ್ತರು ಹರಿಯುವುದನ್ನು ನೋಡಿ ಹೊರಗೆ ಬಂದವನ ಮನಸ್ಸಿನಲ್ಲಿ ಉಳಿಯುವುದೇನು ಎಂಬುದನ್ನು ಬಹುಮಟ್ಟಿಗೆ ಕೊನೆಯ ಹತ್ತು ನಿಮಿಷಗಳು ನಿರ್ಧರಿಸುತ್ತವೆ. ಆ ಹತ್ತು ನಿಮಿಷಗಳ ಮೇಲೆ ಒಮ್ಮೆ ಸರಕಾರವೇ ಕೈಯಿಟ್ಟಿತು. ಅದು ನಡೆದದ್ದು ನಮ್ಮ ಕರ್ನಾಟಕದ ಬಂಡೆಗಳ ನಡುವೆ. ಅದರಲ್ಲಿ ಮುಖ್ಯ ಪಾತ್ರ ವಹಿಸಿದವರು ನಮ್ಮ ಈ ಸೂರತ್ತಿನವರು. ಆದ್ದರಿಂದ ಆ ಕಥೆಯನ್ನು ಇಲ್ಲಿ ಹೇಳಲು ನಮಗೆ ಸಂಕೋಚವಿಲ್ಲ.

೧೯೭೩ರ ಅಕ್ಟೋಬರಿನಲ್ಲಿ ಬೆಂಗಳೂರು-ಮೈಸೂರು ರಸ್ತೆಯ ರಾಮನಗರದಲ್ಲಿ ರಮೇಶ್ ಸಿಪ್ಪಿಯವರ ತಂಡ 'ಶೋಲೆ'ಯ ಚಿತ್ರೀಕರಣ ಆರಂಭಿಸಿತು. ರೇಷ್ಮೆಗೂಡಿನ ಮಾರುಕಟ್ಟೆಗೆ ಹೆಸರಾದ ಆ ಊರಿನ ಬಂಡೆಗಳ ಬುಡದಲ್ಲಿ ರಾಮಗಢವೆಂಬ ಇಡೀ ಹಳ್ಳಿ ಎದ್ದಿತು. ಡಕಾಯಿತ ಗಬ್ಬರ್ ಸಿಂಗನಿಂದ ತನ್ನ ಕುಟುಂಬವನ್ನೂ ಎರಡು ತೋಳುಗಳನ್ನೂ ಕಳೆದುಕೊಂಡ ಮಾಜಿ ಪೊಲೀಸ್ ಅಧಿಕಾರಿ ಠಾಕೂರ್ ಬಲದೇವ್ ಸಿಂಗನ ಪಾತ್ರ ಸಂಜೀವ್ ಕುಮಾರರದು. ಅವರು ಹುಟ್ಟಿದ್ದು ೧೯೩೮ರಲ್ಲಿ, ಸೂರತ್ತಿನಲ್ಲಿ. ತಂದೆತಾಯಿ ಇಟ್ಟ ಹೆಸರು ಹರಿಹರ ಜೇಠಾಲಾಲ್ ಜರೀವಾಲಾ. ಸೂರತ್ತಿನಲ್ಲಿ ಈಗ ಅವರ ಹೆಸರಿನ ಸಭಾಂಗಣವಿದೆ.

ಸಲೀಂ-ಜಾವೇದ್ ಬರೆದ ಈ ಕಥೆಯಲ್ಲಿ ಹಾಡು, ನಗೆ, ಕುದುರೆ, ಬಂದೂಕು ಎಲ್ಲವೂ ಇವೆ. ಆದರೂ ಸಾವು ಬಂದಾಗ ಚಿತ್ರ ತಮಾಷೆ ಮಾಡುವುದಿಲ್ಲ. ಊರಿನ ಹುಡುಗ ಅಹಮದನ ಕೊಲೆ ತೆರೆಗೆ ಬಂದ ಪ್ರತಿಯಲ್ಲಿ ಕಾಣುವುದೇ ಇಲ್ಲ. ಗಬ್ಬರ್ ತನ್ನ ತೋಳಿನ ಮೇಲೆ ಹರಿಯುವ ಇರುವೆಯೊಂದನ್ನು ಹೊಸಕುತ್ತಾನೆ. ಮುಂದಿನ ದೃಶ್ಯದಲ್ಲಿ ಕುದುರೆಯೊಂದು ಹೆಣ ಹೊತ್ತು ಊರಿಗೆ ಬರುತ್ತದೆ. ಎ. ಕೆ. ಹಂಗಲರ ಕುರುಡು ಇಮಾಮರು ಸುತ್ತಲಿನ ಮೌನವೇಕೆಂದು ವಿಚಾರಿಸುತ್ತಾರೆ. ಹತ್ತು ಗುಂಡುಗಳ ಸದ್ದಿಗಿಂತ ಆ ಇರುವೆಯೇ ನಮ್ಮನ್ನು ಹೆಚ್ಚು ಹೆದರಿಸಿತೆಂದು ಒಪ್ಪಿಕೊಳ್ಳಬೇಕು.

ಇನ್ನು ಅಂತ್ಯ. ಸಿಪ್ಪಿಯವರು ಮೊದಲು ಚಿತ್ರಿಸಿದ್ದ ಕೊನೆಯಲ್ಲಿ ತೋಳಿಲ್ಲದ ಠಾಕೂರ್ ಮೊಳೆ ಬಡಿದ ಪಾದರಕ್ಷೆಗಳಿಂದ ಗಬ್ಬರನ ಕೈಗಳನ್ನು ತುಳಿದು, ಕಡೆಗೆ ಅವನನ್ನು ಕೊಂದೇಬಿಡುತ್ತಾನೆ. ಕೊಂದ ಮೇಲೆ ಜಯಘೋಷವಿಲ್ಲ. ವರ್ಷಗಟ್ಟಲೆ ಹಿಡಿದಿಟ್ಟ ಸೇಡು ತೀರಿದ ಮನುಷ್ಯ ಕುಸಿದು ಅಳುತ್ತಾನೆ. ಅದು ಸತ್ತವರಿಗಾಗಿ ಸುರಿಸಿದ ಕಣ್ಣೀರೋ, ಇನ್ನು ಬದುಕುವುದಕ್ಕೆ ಕಾರಣವೇ ಉಳಿಯಲಿಲ್ಲವೆಂದೋ? ಕಾನೂನು ಕಾಯುತ್ತಿದ್ದವನು ಕೊಲೆಗಾರನಾದನಲ್ಲ, ಅವನನ್ನು ಯಾರು ವಿಚಾರಿಸಬೇಕು? ಚಿತ್ರ ಉತ್ತರ ಕೊಡದೆ ಮುಗಿಯುತ್ತಿತ್ತು.

ಸೆನ್ಸಾರ್ ಮಂಡಳಿ ಒಪ್ಪಲಿಲ್ಲ. ಪೊಲೀಸ್ ಅಧಿಕಾರಿಯಾಗಿದ್ದವನೇ ಕಾನೂನನ್ನು ಕೈಗೆತ್ತಿಕೊಳ್ಳುವುದು ತಪ್ಪು ಮಾದರಿಯೆಂಬುದು ಅವರ ಆಕ್ಷೇಪ. ೧೯೭೫ರ ಜೂನ್ ೨೫ರ ರಾತ್ರಿ ತುರ್ತುಪರಿಸ್ಥಿತಿ ಜಾರಿಯಾಗಿತ್ತು; ಬಿಡುಗಡೆಯ ದಿನ ಆಗಸ್ಟ್ ೧೫. ವಾದಿಸುವ ಕಾಲವಲ್ಲ ಅದು. ಆಗ ಸೋವಿಯತ್ ದೇಶದಲ್ಲಿದ್ದ ಸಂಜೀವ್ ಕುಮಾರರು ಅವಸರದಲ್ಲಿ ಮರಳಿದರೆಂದು ಹೇಳುತ್ತಾರೆ. ತಂಡ ಮತ್ತೆ ರಾಮನಗರಕ್ಕೆ ಹೋಯಿತು. ಹೊಸ ಅಂತ್ಯದಲ್ಲಿ ಠಾಕೂರ್ ಕೊನೆಯ ಹೊಡೆತ ಕೊಡುವಷ್ಟರಲ್ಲಿ ಪೊಲೀಸರು ಬರುತ್ತಾರೆ, ನಾಲ್ಕು ನೀತಿಮಾತು ಹೇಳಿ ಗಬ್ಬರನನ್ನು ಹಿಡಿದೊಯ್ಯುತ್ತಾರೆ. ಮೂರು ಗಂಟೆ ಆ ಹಳ್ಳಿಯ ಕಡೆ ತಲೆಹಾಕದ ಪೊಲೀಸರು! ಮುಂಬಯಿಯ ಮಿನರ್ವಾದಲ್ಲಿ ಐದು ವರ್ಷ ಓಡಿದ್ದು, ನಾವೆಲ್ಲ ನೋಡಿದ್ದು ಈ ಅಂತ್ಯವನ್ನೇ.

ಇದು ನಮ್ಮಲ್ಲೊಂದೇ ನಡೆದದ್ದಲ್ಲ. ಅಮೆರಿಕದ ಹಾಲಿವುಡ್ಡಿನಲ್ಲಿ ೧೯೩೪ರಿಂದ ೧೯೬೮ರವರೆಗೆ ಚಿತ್ರೋದ್ಯಮವೇ ವಿಧಿಸಿಕೊಂಡ ಸಂಹಿತೆಯೊಂದು ಜಾರಿಯಲ್ಲಿತ್ತು. ಅಪರಾಧಿಗೆ ಪ್ರೇಕ್ಷಕರ ಸಹಾನುಭೂತಿ ದೊರೆಯಬಾರದೆಂಬುದು ಅದರ ಮುಖ್ಯ ನಿಯಮ. ಉದ್ದೇಶ ಕೆಟ್ಟದ್ದೆಂದು ನಾವು ಹೇಳುವುದಿಲ್ಲ. ಮಕ್ಕಳಿರುವ ಮನೆಯವರು ಹಾಗೆ ಹೇಳಲಾರರು. ಆದರೆ ತೆರೆಯ ಮೇಲೆ ಕಾನೂನು ಸಕಾಲಕ್ಕೆ ಬಂದ ಆ ದಿನಗಳಲ್ಲಿ ತೆರೆಯಾಚೆ ಏನು ನಡೆಯುತ್ತಿತ್ತೆಂಬುದನ್ನೂ ನೋಡಬೇಕಲ್ಲ.

ಗುಜರಾತಿನಲ್ಲಿ ಆಗ ಬಾಬುಭಾಯಿ ಜಶಭಾಯಿ ಪಟೇಲರ ಜನತಾ ಮೋರ್ಚಾ ಸರಕಾರ. ೧೯೭೬ರ ಮಾರ್ಚಿಯಲ್ಲಿ ಅದು ಉರುಳುವವರೆಗೆ ತುರ್ತುಪರಿಸ್ಥಿತಿಯ ವಿರೋಧಿಗಳಿಗೆ ಈ ನೆಲದಲ್ಲಿ ಸ್ವಲ್ಪ ಉಸಿರಾಡಲು ಅವಕಾಶವಿತ್ತು. ಅನಂತರ ಬಂದದ್ದು ಬರೋಡಾ ಡೈನಮೈಟ್ ಮೊಕದ್ದಮೆ. ಸರಕಾರದ ವಿರುದ್ಧ ಸ್ಫೋಟಗಳನ್ನು ನಡೆಸಲು ಡೈನಮೈಟ್ ಸಂಗ್ರಹಿಸಿದರೆಂಬ ಆರೋಪ. ಮೊದಲ ಆರೋಪಿ ನಮ್ಮ ಮಂಗಳೂರಿನ ಜಾರ್ಜ್ ಫರ್ನಾಂಡಿಸ್. ಅದೇ ಸಂಬಂಧದಲ್ಲಿ ಮೇ ತಿಂಗಳಲ್ಲಿ ಸ್ನೇಹಲತಾ ರೆಡ್ಡಿಯವರನ್ನು ಬಂಧಿಸಿ ಬೆಂಗಳೂರಿನ ಸೆಂಟ್ರಲ್ ಜೈಲಿನಲ್ಲಿಟ್ಟರು. ೧೯೭೦ರ 'ಸಂಸ್ಕಾರ' ಚಿತ್ರದ ಚಂದ್ರಿ ಅವರೇ. ಆ ಚಿತ್ರವನ್ನೂ ಸೆನ್ಸಾರ್ ಮಂಡಳಿ ಮೊದಲು ತಡೆದಿತ್ತು. ಬಳಿಕ ಅದಕ್ಕೇ ರಾಷ್ಟ್ರಪ್ರಶಸ್ತಿ ಬಂತು. ಅನಂತಮೂರ್ತಿಯವರ ಮೂಲ ಕಾದಂಬರಿಯ ಪ್ರಾಣೇಶಾಚಾರ್ಯರು ಊರಿಗೆ ಮರಳಿ ನಿಜ ನುಡಿದರೋ ಇಲ್ಲವೋ ಎಂಬುದನ್ನು ಹೇಳದೆಯೇ ಕಥೆ ನಿಲ್ಲುತ್ತದೆಂಬುದು ಓದಿದವರಿಗೆಲ್ಲ ಗೊತ್ತು.

ಸ್ನೇಹಲತಾ ಅವರಿಗೆ ತೀವ್ರ ಉಬ್ಬಸವಿತ್ತು. ವಿಚಾರಣೆಯಿಲ್ಲದೆ ಎಂಟು ತಿಂಗಳು ಸೆರೆಯಲ್ಲಿದ್ದರು. ಕೊನೆಗೆ ನ್ಯಾಯಾಲಯಕ್ಕೆ ಸಲ್ಲಿಸಿದ ಆರೋಪಪಟ್ಟಿಯಲ್ಲಿ ಅವರ ಹೆಸರೇ ಇರಲಿಲ್ಲ. ೧೯೭೭ರ ಜನವರಿಯಲ್ಲಿ ಪೆರೋಲಿನ ಮೇಲೆ ಬಿಟ್ಟ ಕೆಲವೇ ದಿನಗಳಲ್ಲಿ ತೀರಿಕೊಂಡರು. ಆ ಜೈಲಿನಿಂದ ರಾಮನಗರದ ಬಂಡೆಗಳು ಸುಮಾರು ಐವತ್ತು ಕಿಲೋಮೀಟರು.

ಮುಂದೆ ಕಾಲ ಬದಲಾಯಿತು. ೨೦೨೨ರ ಏಪ್ರಿಲ್ ೧೪ರಂದು ಪ್ರಶಾಂತ್ ನೀಲರ 'ಕೆ.ಜಿ.ಎಫ್. ಚಾಪ್ಟರ್ ೨' ಬಿಡುಗಡೆಯಾಗಿ, ಹಿಂದಿಯ ಪ್ರತಿಯ ಮೂಲಕ ಇಲ್ಲಿನ ನೆರೆಹೊರೆಯವರ ಬಾಯಲ್ಲೂ ಕೋಲಾರದ ಹೆಸರು ಕೇಳಿಬಂತು. ಕೋಲಾರದ ನಿಜವಾದ ಗಣಿಗಳು ೨೦೦೧ರಲ್ಲೇ ಮುಚ್ಚಿದ್ದವು, ಚಿತ್ರದ ಕಥೆಗೂ ಅಲ್ಲಿನ ಕಾರ್ಮಿಕರ ಬಾಳಿಗೂ ಹೆಚ್ಚಿನ ನಂಟಿಲ್ಲ ಎಂದು ನಮ್ಮಲ್ಲಿ ಎಷ್ಟೋ ಮಂದಿ ವಿವರಿಸಬೇಕಾಗಿ ಬಂದಿತು. ಚಿತ್ರದಲ್ಲಿ ಕೊಲೆಗಳಿಗೆ ಲೆಕ್ಕವಿಲ್ಲ. ಆದರೂ ತಾಯಿಗೆ ಕೊಟ್ಟ ಮಾತೆಂಬ ಭಾರ ಕಡೆಯವರೆಗೆ ಇಳಿಯುವುದಿಲ್ಲ. ಕಥೆಯನ್ನೆಲ್ಲ ಒಬ್ಬ ಬರಹಗಾರನ ಪುಸ್ತಕದಿಂದ ಹೇಳಿಸುವುದರಿಂದ ಎಷ್ಟು ನಿಜ, ಎಷ್ಟು ದಂತಕಥೆ ಎಂಬ ಅನುಮಾನವೂ ಉಳಿಯುತ್ತದೆ. ಕೊನೆಯಲ್ಲಿ ಪ್ರಧಾನಿಯೇ ಆಜ್ಞೆಯಿತ್ತು ನಾಯಕನ ಹಡಗನ್ನು ಮುಳುಗಿಸುತ್ತಾರೆ. ಚಿನ್ನದೊಡನೆ ಅವನೂ ಕಡಲಿಗೆ ಇಳಿಯುತ್ತಾನೆ. ಸತ್ತನೋ? ಮೂರನೆಯ ಭಾಗದ ಸುಳಿವೊಂದನ್ನು ಬಿಟ್ಟು ಚಿತ್ರ ಮುಗಿಯುತ್ತದೆ. ಅದರಲ್ಲಿ ವ್ಯಾಪಾರದ ಲೆಕ್ಕವೂ ಇದ್ದೀತು. ೧೯೭೫ರಲ್ಲಿ ಸೇಡಿನ ಕೊಲೆಯನ್ನು ತಡೆಯಲು ಬಂದ ಪ್ರಭುತ್ವ ಇಲ್ಲಿ ತಾನೇ ಕೊಲ್ಲುತ್ತದೆ, ಮತ್ತು ಪ್ರೇಕ್ಷಕ ಅಪರಾಧಿಗಾಗಿ ಕಣ್ಣೊರೆಸಿಕೊಳ್ಳುತ್ತಾನೆ. ಆ ಕಣ್ಣೀರನ್ನು ಕಂಡು ನಮಗೆ ಸ್ವಲ್ಪ ದಿಗಿಲೂ ಆಯಿತು. ಠಾಕೂರನ ಅಳುವಿನಲ್ಲಿ ಕೊಂದದ್ದರ ಬೆಲೆ ಇತ್ತು. ಇಲ್ಲಿ ಆ ಬೆಲೆಯನ್ನು ಕಡಲು ನುಂಗಿತು.

'ಶೋಲೆ'ಯ ಮೊದಲಿನ ಅಂತ್ಯ ವಿಡಿಯೊ ಪ್ರತಿಗಳಲ್ಲಿ ಆಗಾಗ ಕಾಣಿಸಿಕೊಂಡಿತ್ತು. ೨೦೨೫ರ ಜೂನಿನಲ್ಲಿ ಇಟಲಿಯ ಬೊಲೋನ್ಯಾ ನಗರದ ಉತ್ಸವದಲ್ಲಿ, ಫಿಲ್ಮ್ ಹೆರಿಟೇಜ್ ಫೌಂಡೇಶನ್ ಜೀರ್ಣೋದ್ಧಾರ ಮಾಡಿದ ಪ್ರತಿಯಲ್ಲಿ, ಅದು ದೊಡ್ಡ ತೆರೆಯ ಮೇಲೆ ಬಂತು. ಪೊಲೀಸರು ಬರಲಿಲ್ಲ, ಠಾಕೂರ್ ಕೊಂದ, ಅತ್ತ. ಆ ದೃಶ್ಯವನ್ನು ಎರಡು ರೀತಿಯಲ್ಲಿ ಅಭಿನಯಿಸಿದ್ದ ಸೂರತ್ತಿನ ಮಗ ೧೯೮೫ರ ನವೆಂಬರಿನಲ್ಲಿ, ನಲವತ್ತೇಳನೆಯ ವಯಸ್ಸಿಗೇ ಹೋಗಿಬಿಟ್ಟಿದ್ದರು.