ಕಾರ್ಖಾನೆಯ ನಡುಅಟ್ಟ: ಬೀದರ್, ಭಾಲ್ಕಿ, ಔರಾದ್ ಸೀಮೆಯಲ್ಲಿ ಅದರ ರಚನೆ ಮತ್ತು ಸಾಮಗ್ರಿ

ಗಿರಣಿ, ಕಾರ್ಖಾನೆ ಅಥವಾ ಗೋದಾಮಿನ ಒಳಗೆ ನೆಲಕ್ಕೂ ಚಾವಣಿಗೂ ನಡುವೆ ಎತ್ತಿ ನಿಲ್ಲಿಸಿದ, ಕೆಳಗಿನ ಜಾಗವನ್ನು ಪೂರ್ತಿ ಮುಚ್ಚದ ನೆಲೆಯೇ ನಡುಅಟ್ಟ. ಎಂಜಿನಿಯರುಗಳ ನಕ್ಷೆಯಲ್ಲಿ ಅದು ಮೆಜನೈನ್. ಬೇಳೆ ಗಿರಣಿಯಲ್ಲಿ ಪ್ಲಾಟ್‌ಫಾರ್ಮ್. ಸಕ್ಕರೆ ಕಾರ್ಖಾನೆಯಲ್ಲಿ ಪ್ಯಾನ್ ಫ್ಲೋರ್. ಗಂಜ್‌ನ ಅಡತಿ ಅಂಗಡಿಯಲ್ಲಿ ಬರೀ ಅಟ್ಟ. ರಾಷ್ಟ್ರೀಯ ಕಟ್ಟಡ ಸಂಹಿತೆ ಇದನ್ನು ಬೇರೆ ಅಂತಸ್ತೆಂದು ಎಣಿಸುವುದಿಲ್ಲ. ಕನಿಷ್ಠ 2.2 ಮೀಟರ್ ಎತ್ತರವಿರಬೇಕು, ಕಟ್ಟಡದಲ್ಲಿರುವ ಇಂಥ ಅಟ್ಟಗಳ ಒಟ್ಟು ವಿಸ್ತೀರ್ಣ ಕಟ್ಟಡದ ಪ್ಲಿಂತ್ ವಿಸ್ತೀರ್ಣದ ಮೂರನೇ ಒಂದು ಭಾಗವನ್ನು ಮೀರಬಾರದು ಎಂಬುದು ಅದರ ಹಳೆಯ ನಿಯಮ. ಬೀದರ್ ಸೀಮೆಯಲ್ಲಿ ಅಟ್ಟದ ಚರಿತ್ರೆಯುದ್ದಕ್ಕೂ ಕಟ್ಟುವವರ ಮುಂದಿದ್ದದ್ದು ಎರಡೇ ಪ್ರಶ್ನೆ: ಮೇಲೆ ಏನಿಡುತ್ತೇವೆ, ಕಂಬದ ಕೆಳಗೆ ಯಾವ ಮಣ್ಣಿದೆ. ಸಾಮಗ್ರಿಯ ಆಯ್ಕೆ ಈ ಎರಡರ ನಂತರದ್ದು.

ಮಣ್ಣಿನ ಮಾತು ಮೊದಲು ಬರಬೇಕು. ಬೀದರ್ ನಗರ ಕೂತಿರುವುದು ಕೆಂಪು ಜಂಬಿಟ್ಟಿಗೆಯ ಪ್ರಸ್ಥಭೂಮಿಯ ಮೇಲೆ. ಅಗೆಯುವಾಗ ಮಿದುವಾಗಿದ್ದು ಗಾಳಿಗೆ ಬಿದ್ದ ಮೇಲೆ ಗಟ್ಟಿಯಾಗುವ ಈ ಕಲ್ಲಿನಿಂದಲೇ ಕೋಟೆಯ ಗೋಡೆ ಎದ್ದಿದೆ. ಇದನ್ನೇ ಕೊರೆದು ನೌಬಾದ್‌ನ ಸುರಂಗ ಬಾವಿಗಳನ್ನು ಮಾಡಿದ್ದಾರೆ. ಅಲ್ಲಿಂದ ಇಳಿದು ಭಾಲ್ಕಿ, ಔರಾದ್ ಕಡೆ ಹೋದರೆ ಬಹುಪಾಲು ಎರೆ ನೆಲ. ಮಾಂಜ್ರಾ ಮತ್ತು ಕಾರಂಜಾ ನದಿಗಳ ಬಯಲಿನ ಈ ಕಪ್ಪು ಮಣ್ಣು ಮಳೆಗಾಲದಲ್ಲಿ ಉಬ್ಬುತ್ತದೆ, ಬೇಸಿಗೆಯಲ್ಲಿ ಬಿರುಕು ಬಿಡುತ್ತದೆ. ಒಂದೇ ಅಳತೆಯ, ಒಂದೇ ಉಕ್ಕಿನ ಅಟ್ಟವನ್ನು ಬೀದರ್‌ನಲ್ಲೂ ಔರಾದ್‌ನಲ್ಲೂ ನಿಲ್ಲಿಸಬಹುದು. ಆದರೆ ಅದರ ಬುಡವನ್ನು ಒಂದೇ ಬಗೆಯಲ್ಲಿ ಕಟ್ಟಲಾಗದು.

ಅಂತಸ್ತಿನ ಮೇಲೆ ಅಂತಸ್ತು ಹೊರಿಸುವ ಕಸುಬು ಇಲ್ಲಿ ಬಹಮನಿ ಕಾಲದಷ್ಟಾದರೂ ಹಳೆಯದು. 1472ರಲ್ಲಿ ಮುಗಿದ ಮಹಮೂದ್ ಗಾವಾನನ ಮದರಸಾ ಮೂರು ಅಂತಸ್ತಿನದು. ಉದ್ದ 205 ಅಡಿ, ಅಗಲ 180 ಅಡಿ. ವಿದ್ಯಾರ್ಥಿಗಳ ಕೋಣೆಗಳು ಒಂದರ ಮೇಲೊಂದು ಸಾಲಾಗಿ ಏರಿದರೆ, ಪಾಠ ನಡೆಯುವ ದೊಡ್ಡ ಸಭಾಂಗಣಗಳು ಅಂತಸ್ತುಗಳನ್ನು ದಾಟಿ ಕಟ್ಟಡದೆತ್ತರಕ್ಕೆ ತೆರೆದುಕೊಂಡಿವೆ. ಇದರಲ್ಲಿ ತೊಲೆಯ ಕೆಲಸಕ್ಕಿಂತ ಕಮಾನಿನ ಕೆಲಸ ಹೆಚ್ಚು. ಮೇಲಿನ ಹೊರೆಯನ್ನು ಕಮಾನು ಪಕ್ಕಕ್ಕೆ ಸರಿಸಿ ದಪ್ಪ ಗೋಡೆಗೆ ಒಪ್ಪಿಸುತ್ತದೆ, ಗಚ್ಚು ಗಾರೆ ಕಲ್ಲುಗಳನ್ನು ಬಂಧಿಸುತ್ತದೆ. ಔರಂಗಜೇಬನ ಕಾಲಕ್ಕೆ ಈ ವಿದ್ಯಾಲಯ ಕುದುರೆ ಪಡೆಯ ವಸತಿಯಾಯಿತು, ಕೋಣೆಗಳಲ್ಲಿ ಗುಂಡಿನ ಮದ್ದು ತುಂಬಿತು. 1696ರಲ್ಲಿ ಆ ಮದ್ದು ಸಿಡಿದು ಮುಂಭಾಗದ ಅರ್ಧದಷ್ಟು ಭಾಗವೂ ಒಂದು ಮಿನಾರೂ ನೆಲಸಮವಾದವು. ಪುಸ್ತಕ ಮತ್ತು ಮನುಷ್ಯರಿಗೆಂದು ಕಟ್ಟಿದ ಅಂತಸ್ತಿನಲ್ಲಿ ಬೇರೇನೋ ದಾಸ್ತಾನು ಮಾಡಿದ್ದರ ಫಲ ಅದು. ಇಂದಿನ ಕಾರ್ಖಾನೆ ತನಿಖೆಯಲ್ಲೂ ಬಳಕೆ ಬದಲಾಗಿದೆಯೇ ಎಂಬುದನ್ನೇ ಮೊದಲು ಕೇಳಬೇಕಾಗುತ್ತದೆ.

ಮರದ ಚೌಕಟ್ಟಿನ ಪರಂಪರೆ ಬೇರೆಯೇ ಧಾರೆ. ಕೋಟೆಯೊಳಗಿನ, ಅಲಿ ಬರೀದನ ಕಾಲದಲ್ಲಿ (1542–1580) ಹೊಸ ರೂಪ ಪಡೆದ ರಂಗೀನ್ ಮಹಲಿನ ಕೆತ್ತನೆಯ ಮರಗಂಬಗಳು ಅದರ ಅರಮನೆ ರೂಪವಾದರೆ, ಊರೂರ ಮಾಳಿಗೆ ಮನೆಗಳು ಅದರ ದುಡಿಮೆಯ ರೂಪ. ಕಂಬ, ಅದರ ನೆತ್ತಿಯ ಮೇಲೆ ಬೋದಿಗೆ, ಬೋದಿಗೆಯ ಮೇಲೆ ತೊಲೆ, ತೊಲೆಗೆ ಅಡ್ಡಲಾಗಿ ಜಂತಿ, ಜಂತಿಯ ಮೇಲೆ ಹಲಗೆ ಅಥವಾ ಚಿಲಿಕೆ, ಕೊನೆಗೆ ಮಣ್ಣು. ಎರಡು ಕಂಬಸಾಲುಗಳ ನಡುವಿನ ಜಾಗ ಒಂದು ಅಂಕಣ. ಸಿಗುವ ತೊಲೆಯ ಉದ್ದವೇ ಅಂಕಣದ ಅಗಲವನ್ನು ನಿರ್ಧರಿಸುತ್ತಿತ್ತು. ಉಕ್ಕಿನ ಅಟ್ಟದ ಯೋಜನೆಯಲ್ಲೂ ಇದೇ ಲೆಕ್ಕ ಉಳಿದಿದೆ: ಕಂಬಗಳ ಅಂತರ, ಮುಖ್ಯ ತೊಲೆ, ಅಡ್ಡ ತೊಲೆ, ಮೇಲು ಹಾಸು. ಬೋದಿಗೆಯ ಜಾಗದಲ್ಲಿ ಬೋಲ್ಟು ಹಾಕಿದ ಬ್ರಾಕೆಟ್ ಕೂತಿದೆ, ಅಷ್ಟೆ.

ಈ ಮಾಳಿಗೆಯ ಬಲಾಬಲ ಎರಡನ್ನೂ 1993ರ ಸೆಪ್ಟೆಂಬರ್ 30ರ ನಸುಕಿನ ಕಿಲ್ಲಾರಿ ಭೂಕಂಪ ತೋರಿಸಿತು. ಕೇಂದ್ರವಿದ್ದದ್ದು ನೆರೆಯ ಲಾತೂರ್ ಜಿಲ್ಲೆಯಲ್ಲಿ. ಒಂದೂವರೆ ಅಡಿ ದಪ್ಪದ ಮಣ್ಣಿನ ಮಾಳಿಗೆ ಚದರ ಮೀಟರಿಗೆ ಮುಕ್ಕಾಲು ಟನ್ ತೂಗುತ್ತದೆ. ಅದೂ, ಬರೀ ಮಣ್ಣಿನಲ್ಲಿ ಕಟ್ಟಿದ ದಪ್ಪ ಗುಂಡುಕಲ್ಲಿನ ಗೋಡೆಗಳೂ ಕುಸಿದು ಸಾವಿರಾರು ಜನ ಮಲಗಿದ್ದಲ್ಲೇ ಸತ್ತರು. ಆದರೆ ಗೋಡೆ ಬಿದ್ದರೂ ಒಳಗಿನ ಮರದ ಚೌಕಟ್ಟು ನಿಂತಿದ್ದ ಮನೆಗಳು ಹಲವು. ಕಂಬ ಮತ್ತು ತೊಲೆ ಕೂಡುವ ಜಾಗ ಅಡ್ಡ ಅಲುಗಾಟವನ್ನು ತಡೆದರೆ ಹೊರೆ ಮೇಲಿದ್ದರೂ ಕಟ್ಟಡ ಉಳಿಯುತ್ತದೆ. ಅಟ್ಟಕ್ಕೆ ಎರಡೂ ದಿಕ್ಕಿನಲ್ಲಿ ಓರೆ ಬಿಗಿತ ಬೇಕು ಎಂದು ಎಂಜಿನಿಯರು ಹಟ ಹಿಡಿದಾಗ, ಸಾಮಾನು ಸಾಗಿಸಲು ಅಡ್ಡವಾಗುತ್ತದೆಂದು ಮಾಲೀಕರು ಒಪ್ಪದಿರುವುದುಂಟು. ಕಿಲ್ಲಾರಿಯಿಂದ ಇಷ್ಟು ಹತ್ತಿರವಿರುವ ಸೀಮೆಯಲ್ಲಿ ಆ ಹಟ ನ್ಯಾಯವಾದದ್ದು. ಓರೆ ಪಟ್ಟಿ ಎಲ್ಲಿಯೂ ಹಿಡಿಸದಿದ್ದರೆ ಕಂಬ–ತೊಲೆಯ ಜೋಡಣೆಯನ್ನೇ ಬಾಗದಂತೆ ಗಡುಸಾಗಿ ಮಾಡಬೇಕು. ಅದಕ್ಕೆ ಖರ್ಚು ಹೆಚ್ಚು.

ಕಬ್ಬಿಣದ ತೊಲೆಯ ಚರಿತ್ರೆ ಶುರುವಾದದ್ದು ಇಂಗ್ಲೆಂಡಿನ ನೂಲಿನ ಗಿರಣಿಗಳಲ್ಲಿ. ಎಣ್ಣೆ ಹೀರಿದ ಮರದ ಅಟ್ಟಗಳಿಗೆ ಮತ್ತೆ ಮತ್ತೆ ಬೆಂಕಿ ಬೀಳುತ್ತಿದ್ದುದರಿಂದ ಚಾರ್ಲ್ಸ್ ಬೇಜ್ ಎಂಬಾತ 1797ರಲ್ಲಿ ಶ್ರೂಸ್‌ಬರಿ ಬಳಿಯ ಅಗಸೆ ನಾರಿನ ಗಿರಣಿಗೆ ಎರಕದ ಕಬ್ಬಿಣದ ಕಂಬ, ತೊಲೆಗಳನ್ನು ಬಳಸಿದ. ತೊಲೆಗಳ ನಡುವೆ ಇಟ್ಟಿಗೆಯ ಗಿಡ್ಡ ಕಮಾನು ಕಟ್ಟಿದ. ಈ ಪದ್ಧತಿ ರೈಲ್ವೆ ಮತ್ತು ಲೋಕೋಪಯೋಗಿ ಇಲಾಖೆಗಳ ಮೂಲಕ ಭಾರತಕ್ಕೆ ಬಂತು. ನಿಜಾಮರ ಆಡಳಿತದಲ್ಲಿದ್ದ ಬೀದರ್‌ಗೆ ವಿಕಾರಾಬಾದ್ ಕಡೆಯಿಂದ ರೈಲು ಮುಟ್ಟಿ, ಭಾಲ್ಕಿ ಹಾದು ಪರಳಿ ವೈಜನಾಥದತ್ತ ಹೋದದ್ದು 1930ರ ಆಸುಪಾಸಿನಲ್ಲಿ. ಎತ್ತಿನ ಬಂಡಿಗೆ ಹೇರಲಾಗದ ಉದ್ದದ ಗರ್ಡರುಗಳು ಬರುವ ದಾರಿ ಅದರಿಂದ ತೆರೆಯಿತು. ಗರ್ಡರುಗಳ ಮೇಲೆ ಇಟ್ಟಿಗೆ ಕಮಾನಿನ ಬದಲು ಶಹಾಬಾದ್ ಪರಸಿ ಹಾಸುವುದು ಕಲಬುರಗಿ–ಬೀದರ್ ಕಡೆಯ ರೂಢಿ. ಅಗ್ಗ, ಗೆದ್ದಲು ಹಿಡಿಯದು, ಗಾರೆಯವರಿಗೆ ಪರಿಚಿತ. ಆದರೆ ಪರಸಿ ಬಾಗದೆ ಒಮ್ಮೆಲೇ ಮುರಿಯುವ ಕಲ್ಲು. ಎತ್ತರದಿಂದ ಚೀಲ ಎತ್ತಿ ಹಾಕುವ ಜಾಗಕ್ಕೆ ಅದು ತಕ್ಕದ್ದಲ್ಲ.

1956ರ ನವೆಂಬರ್ 1ರಂದು ಬೀದರ್ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು. ಉಕ್ಕಿನ ಕಟ್ಟಡದ ಭಾರತೀಯ ಮಾನಕ ಐಎಸ್ 800 ಮೊದಲ ಬಾರಿಗೆ ಹೊರಬಂದದ್ದೂ ಅದೇ ವರ್ಷ; 1962, 1984, 2007ರಲ್ಲಿ ಅದು ಪರಿಷ್ಕೃತವಾಯಿತು. ಹೊರೆಗಳ ಮಾನಕ ಐಎಸ್ 875ರ ಮೊದಲ ಎರಡು ಭಾಗಗಳು 1987ರವು. ಹಳೆಯ ನಕ್ಷೆಗಳಲ್ಲಿ ಐಎಸ್ 226 ಎಂದಿರುವ ಸಾಧಾರಣ ಉಕ್ಕು ಈಗ ಐಎಸ್ 2062ರ ಇ250 ದರ್ಜೆ.

ಬೀದರ್ ಸೀಮೆಯ ಅತ್ಯಂತ ದೊಡ್ಡ ನಡುಅಟ್ಟಗಳು ಸಕ್ಕರೆ ಕಾರ್ಖಾನೆಗಳಲ್ಲಿವೆ. ಹಳ್ಳಿಖೇಡದ ಬೀದರ್ ಸಹಕಾರಿ ಸಕ್ಕರೆ ಕಾರ್ಖಾನೆ, ಬೀದರ್ ತಾಲ್ಲೂಕಿನ ಇಮಾಮಪುರದ ನಾರಂಜಾ, ಭಾಲ್ಕಿ ತಾಲ್ಲೂಕಿನ ಹುಣಜಿಯ ಮಹಾತ್ಮ ಗಾಂಧಿ ಸಹಕಾರಿ ಕಾರ್ಖಾನೆ, ಬಾಜೋಳಗಾದ ಭಾಲ್ಕೇಶ್ವರ ಶುಗರ್ಸ್ ಇಲ್ಲಿ ಹೆಸರಾದವು. ಇಂಥ ಕಾರ್ಖಾನೆಯಲ್ಲಿ ಅಟ್ಟ ಜಾಗ ಉಳಿಸಲು ಮಾಡಿದ್ದಲ್ಲ, ಸಕ್ಕರೆ ಆಗುವ ಕ್ರಮವೇ ಅದನ್ನು ಬೇಡುತ್ತದೆ. ಕಬ್ಬಿನ ರಸವನ್ನು ತೆರೆದ ಕೊಪ್ಪರಿಗೆಯಲ್ಲಿ ಕುದಿಸಿದರೆ ಬೆಲ್ಲವಾಗುತ್ತದೆ, ಬಣ್ಣ ಕಂದುತ್ತದೆ. ಗಾಳಿಯ ಒತ್ತಡ ತಗ್ಗಿಸಿ ಕಡಿಮೆ ಶಾಖದಲ್ಲಿ ಕುದಿಸುವ ಮುಚ್ಚಿದ ಪ್ಯಾನನ್ನು 1813ರಲ್ಲಿ ಎಡ್ವರ್ಡ್ ಚಾರ್ಲ್ಸ್ ಹೋವರ್ಡ್ ರೂಪಿಸಿದ. ಆ ನಿರ್ವಾತ ಉಳಿಯಬೇಕಾದರೆ ಪ್ಯಾನಿನ ಆವಿಯನ್ನು ತಣ್ಣೀರಿನಿಂದ ಇಳಿಸುವ ಕಂಡೆನ್ಸರ್ ಎತ್ತರದಲ್ಲಿರಬೇಕು. ಅದರ ಬಾಲಕೊಳವೆ ಕೆಳಗಿನ ನೀರಿನ ತೊಟ್ಟಿಯಲ್ಲಿ ಮುಳುಗಿರಬೇಕು. ಸಮುದ್ರಮಟ್ಟದಲ್ಲಿ ಗಾಳಿ ಎತ್ತಿ ಹಿಡಿಯಬಲ್ಲ ನೀರಿನ ಕಂಬ ಸುಮಾರು 10.3 ಮೀಟರ್. ಕೊಳವೆ ಅದಕ್ಕಿಂತ ಗಿಡ್ಡವಾದರೆ ತೊಟ್ಟಿಯ ನೀರು ಮೇಲೇರಿ ಕಂಡೆನ್ಸರಿಗೇ ನುಗ್ಗುತ್ತದೆ. ಸಮುದ್ರಮಟ್ಟಕ್ಕಿಂತ 600 ಮೀಟರಿಗೂ ಎತ್ತರದಲ್ಲಿರುವ ಬೀದರ್‌ನಲ್ಲಿ ಗಾಳಿಯ ಒತ್ತಡ ಕೊಂಚ ಕಡಿಮೆ, ನೀರಿನ ಕಂಬವೂ ಅಷ್ಟೇ ಗಿಡ್ಡ. ಆದರೂ ವಿನ್ಯಾಸದಲ್ಲಿ ಪೂರ್ತಿ ಎತ್ತರವನ್ನೇ ಇಟ್ಟುಕೊಳ್ಳುವುದು ಕ್ಷೇಮ.

ಪ್ಯಾನಿನಿಂದ ಇಳಿದ ದಪ್ಪ ಪಾಕ ಕೆಳಗಿನ ಹಂತದ ಕ್ರಿಸ್ಟಲೈಜರುಗಳಿಗೆ, ಅಲ್ಲಿಂದ ಸೆಂಟ್ರಿಫ್ಯೂಗಲ್ ಯಂತ್ರಗಳಿಗೆ, ಕೊನೆಗೆ ಚೀಲ ತುಂಬುವ ನೆಲಕ್ಕೆ. ಅಂಟುವ ಪಾಕವನ್ನು ಪಂಪಿನಿಂದ ತಳ್ಳುವುದಕ್ಕಿಂತ ಇಳಿಜಾರಿಗೆ ಬಿಡುವುದು ಸುಲಭ. ಹೀಗಾಗಿ ಒಂದು ಕುದಿಯುವ ಮನೆಯಲ್ಲಿ ಎರಡು ಮೂರು ಅಟ್ಟಗಳು ಒಂದರ ಕೆಳಗೊಂದು ಸಾಲುಗೊಳ್ಳುತ್ತವೆ. ಒಂದು ಪ್ಯಾನಿನಲ್ಲಿ 60 ಟನ್ ಪಾಕವಿರುವುದು ಸಾಮಾನ್ಯ. ಪ್ಯಾನಿನ ತೂಕ ಬೇರೆ, ಬರುವ ಹೋಗುವ ಕೊಳವೆಗಳ ಎಳೆತ ಬೇರೆ. ಇಂಥ ಹೊರೆ ಅಟ್ಟದ ಹಾಸಿನ ಮೇಲೆ ಹರಡುವುದಿಲ್ಲ, ನಾಲ್ಕಾರು ಪಾದಗಳ ಮೂಲಕ ನೇರ ತೊಲೆಗೆ ಇಳಿಯುತ್ತದೆ. ಆದ್ದರಿಂದ ಪ್ಯಾನಿನ ಕೆಳಗಿನ ತೊಲೆಗಳನ್ನು ಬೇರೆಯಾಗಿ ಲೆಕ್ಕಹಾಕಿ, ಜನ ಓಡಾಡುವ ಉಳಿದ ಜಾಗಕ್ಕೆ ಮಾತ್ರ ಚೆಕರ್ಡ್ ಪ್ಲೇಟ್ ಅಥವಾ ಜಾಲರಿ ಹಾಸುತ್ತಾರೆ. ಉಬ್ಬು ಗೆರೆಯ ಚೆಕರ್ಡ್ ಪ್ಲೇಟಿಗೆ ಐಎಸ್ 3502 ಮಾನಕ. ಪಾಕ ಚೆಲ್ಲಿದಾಗ ಅದು ಕೆಳಗಿನವರ ತಲೆಯ ಮೇಲೆ ಬೀಳದಂತೆ ತಡೆಯುತ್ತದೆ. ಜಾಲರಿಯಾದರೋ ಶಾಖವನ್ನೂ ಆವಿಯನ್ನೂ ಮೇಲಕ್ಕೆ ಬಿಡುತ್ತದೆ. ಎಲ್ಲಿ ಯಾವುದು ಎಂಬುದನ್ನು ಪ್ಯಾನ್ ಮ್ಯಾನ್‌ನನ್ನು ಕೇಳಿ ಬರೆದ ವಿವರಪತ್ರವೇ ಒಳ್ಳೆಯದು.

ಗಂಜ್‌ನ ಗೋದಾಮು ಮತ್ತು ಬೇಳೆ ಗಿರಣಿಗಳ ಅಟ್ಟ ಇದಕ್ಕಿಂತ ಚಿಕ್ಕದು, ಆದರೆ ತಪ್ಪು ಲೆಕ್ಕ ಹೆಚ್ಚು ಕಾಣುವುದು ಇಲ್ಲಿಯೇ. ಐಎಸ್ 875ರ ಎರಡನೆಯ ಭಾಗ ಯಂತ್ರವಿಲ್ಲದ ಕೆಲಸದ ನೆಲೆಗೆ ಚದರ ಮೀಟರಿಗೆ 2.5 ಕಿಲೊನ್ಯೂಟನ್, ಹಗುರ ಯಂತ್ರಕ್ಕೆ 5, ಮಧ್ಯಮಕ್ಕೆ 7, ಭಾರಿ ಯಂತ್ರಕ್ಕೆ 10 ಎನ್ನುತ್ತದೆ. ಹತ್ತು ಕಿಲೊನ್ಯೂಟನ್ ಎಂದರೆ ಹೆಚ್ಚುಕಡಿಮೆ ಒಂದು ಟನ್. ದಾಸ್ತಾನಿಗೆ ಪ್ರತಿ ಮೀಟರ್ ಎತ್ತರಕ್ಕೆ 2.4ರಂತೆ ಹಿಡಿದು, 7.5ಕ್ಕಿಂತ ಕಡಿಮೆ ಮಾಡಬಾರದು. ಈ ದಾಸ್ತಾನಿನ ಅಂಕಿಯನ್ನು ಕಣ್ಣು ಮುಚ್ಚಿ ಧಾನ್ಯಕ್ಕೆ ಹಚ್ಚುವುದು ಅಪಾಯ. ತೊಗರಿ, ಹೆಸರು, ಉದ್ದು, ಸೋಯಾ ತುಂಬಿದ ಚೀಲಗಳ ಒಟ್ಟಿಲು ಘನ ಮೀಟರಿಗೆ ಸುಮಾರು 700 ಕಿಲೊ ತೂಗುತ್ತದೆ. ಎರಡು ಮೀಟರ್ ಎತ್ತರ ಪೇರಿಸಿದರೆ ಚದರ ಮೀಟರಿಗೆ 14 ಕಿಲೊನ್ಯೂಟನ್, ಅಂದರೆ ಆ ಕನಿಷ್ಠದ ಹತ್ತಿರ ಹತ್ತಿರ ಎರಡು ಪಟ್ಟು. ಮಾನಕದ ಮೊದಲ ಭಾಗದಲ್ಲಿ ವಸ್ತುಗಳ ತೂಕದ ಕೋಷ್ಟಕವಿದೆ. ಲೆಕ್ಕ ಅಲ್ಲಿಂದ ಹೊರಡಬೇಕು. ಸುಗ್ಗಿಯ ದಿನಗಳಲ್ಲಿ ಹಮಾಲರು ಜಾಗವಿದ್ದಷ್ಟೂ ಪೇರಿಸುತ್ತಾರೆ, ಪೇರಿಸಲೇಬೇಕಾಗುತ್ತದೆ. ಅಟ್ಟದ ತಾಕತ್ತನ್ನು ಎಷ್ಟು ಚೀಲದ ಎತ್ತರ ಎಂದು ಕನ್ನಡದಲ್ಲಿ ಕಂಬದ ಮೇಲೆ ಬರೆಯದಿದ್ದರೆ ಆ ತೂಕಕ್ಕೆ ಹೊಣೆ ಹಮಾಲರದ್ದಲ್ಲ.

ಬೇಳೆ ಗಿರಣಿಯಲ್ಲಿ ತೂಕಕ್ಕೆ ಅಲುಗಾಟವೂ ಕೂಡಿಕೊಳ್ಳುತ್ತದೆ. ಎಲಿವೇಟರ್ ಕಾಳನ್ನು ಮೇಲೆತ್ತಿ ಚಾಳಣಿಗೆ ಸುರಿಯುತ್ತದೆ, ಅಲ್ಲಿಂದ ರೋಲರಿಗೆ ಇಳಿಯುತ್ತದೆ. ಅದುರುವ ಚಾಳಣಿಯ ಲಯ ಅಟ್ಟದ ಸಹಜ ಲಯಕ್ಕೆ ಹತ್ತಿರವಾದರೆ ತೊಲೆ ಮುರಿಯದಿದ್ದರೂ ಬೋಲ್ಟುಗಳು ಸಡಿಲುತ್ತವೆ, ವೆಲ್ಡಿಂಗ್ ಬಿರಿಯುತ್ತದೆ. ಚಾಳಣಿಗೆ ಪ್ರತ್ಯೇಕ ಕಂಬ ಕೊಟ್ಟು ನೆಲದಿಂದಲೇ ಎತ್ತುವುದು ಇದಕ್ಕೆ ನಂಬಬಹುದಾದ ಪರಿಹಾರ. ಬಾಗುವಿಕೆಗೂ ಮಿತಿಯಿದೆ: ಐಎಸ್ 800ರ ಪ್ರಕಾರ ಅದು ತೊಲೆಯ ಹರವಿನ 300ರಲ್ಲಿ ಒಂದು ಪಾಲು, ಬಿರುಕು ಬಿಡುವ ಹಾಸಿದ್ದರೆ 360ರಲ್ಲಿ ಒಂದು ಪಾಲು. ಆರು ಮೀಟರಿನ ತೊಲೆ 20 ಮಿಲಿಮೀಟರಿಗಿಂತ, ಕಾಂಕ್ರೀಟ್ ಹಾಸಿದರೆ ಸುಮಾರು 17ಕ್ಕಿಂತ ಹೆಚ್ಚು ಬಾಗಬಾರದು. ಚಿಕ್ಕ ಸಾಮಾನಿನ ಅಟ್ಟಗಳಿಗೆ ತೂತುಗಳಿರುವ ಸ್ಲಾಟೆಡ್ ಆಂಗಲ್ ಸಾಕಾಗುತ್ತದೆ. ಡಿಮೆಟ್ರಿಯಸ್ ಕೊಮಿನೊ 1947ರಲ್ಲಿ ಲಂಡನ್ನಿನಲ್ಲಿ ಮಾರುಕಟ್ಟೆಗೆ ತಂದ ಈ ಪಟ್ಟಿ ಇಂದು ಊರಿನ ಹಾರ್ಡ್‌ವೇರ್ ಅಂಗಡಿಯಲ್ಲೂ ಸಿಗುತ್ತದೆ. ಧಾನ್ಯದ ಚೀಲಕ್ಕೆ ಅದು ಸಲ್ಲದು.

ಬೀದರ್ ನಗರದ ಅಂಚಿನ ಕೊಳಾರ ಕೈಗಾರಿಕಾ ಪ್ರದೇಶದಲ್ಲಿ ಔಷಧದ ಮೂಲದ್ರವ್ಯ ತಯಾರಿಸುವ ಘಟಕಗಳು ಬಂದ ಮೇಲೆ ಅಟ್ಟಕ್ಕೆ ಮೂರನೆಯ ರೂಪ ಸಿಕ್ಕಿತು. ಇಂಥ ಘಟಕದಲ್ಲಿ ರಿಯಾಕ್ಟರು ಅಟ್ಟದ ತೂತಿನಲ್ಲಿ ಕುತ್ತಿಗೆ ಸಿಕ್ಕಿಸಿಕೊಂಡು ನೇತಾಡುತ್ತದೆ: ಮೇಲಿನಿಂದ ಪುಡಿ ಹಾಕುತ್ತಾರೆ, ಕೆಳಗೆ ಸೆಂಟ್ರಿಫ್ಯೂಜಿಗೆ ಇಳಿಸುತ್ತಾರೆ. ಇಲ್ಲಿ ಉಕ್ಕಿನ ವೈರಿಗಳು ಆಮ್ಲದ ಆವಿ ಮತ್ತು ಬೆಂಕಿ. ಬರೀ ರೆಡ್ ಆಕ್ಸೈಡ್ ಬಳಿದರೆ ಆಮ್ಲದೆದುರು ಬಾಳದು. ಎಪಾಕ್ಸಿ ಲೇಪ, ಬಿಸಿ ಸತುವಿನಲ್ಲಿ ಅದ್ದಿದ ಉಕ್ಕು, ಕೆಲವೆಡೆ ಗಾಜುನಾರಿನ ಜಾಲರಿ ಬೇಕಾಗುತ್ತದೆ. ಉಕ್ಕು 550ರಿಂದ 600 ಡಿಗ್ರಿ ಸೆಲ್ಸಿಯಸ್ ಮುಟ್ಟುವಾಗ ತನ್ನ ಬಲದ ಅರ್ಧದಷ್ಟನ್ನು ಕಳೆದುಕೊಳ್ಳುತ್ತದೆ. ದ್ರಾವಕ ಹೊತ್ತಿಕೊಂಡರೆ ಆ ಶಾಖಕ್ಕೆ ಹೆಚ್ಚು ಹೊತ್ತು ಬೇಕಿಲ್ಲ. ಕಂಬಗಳಿಗೆ ಕಾಂಕ್ರೀಟಿನ ಅಥವಾ ಅಗ್ನಿನಿರೋಧಕ ಲೇಪದ ಹೊದಿಕೆ, ಎರಡು ತುದಿಯಲ್ಲೂ ಇಳಿಯಲು ಮೆಟ್ಟಿಲು ಇವನ್ನು ವಿವರಪತ್ರದ ಮೊದಲ ಪುಟದಲ್ಲೇ ಬರೆಯಬೇಕು.

ಇನ್ನು ಬುಡ. ಕಂಬಗಳು ಎರಡೂ ದಿಕ್ಕಿನಲ್ಲಿ ಆರು ಮೀಟರ್ ಅಂತರದಲ್ಲಿದ್ದು ಹೊರೆ ಚದರ ಮೀಟರಿಗೆ 10 ಕಿಲೊನ್ಯೂಟನ್ ಇದ್ದರೆ, ನಡುವಿನ ಒಂದು ಕಂಬಕ್ಕೆ 36 ಟನ್ ಬೀಳುತ್ತದೆ. ಅಟ್ಟದ ಸ್ವಂತ ತೂಕ ಕೂಡಿಸಿದರೆ 40 ಟನ್ ಸಮೀಪ. ಹಳೆಯ ಶೆಡ್ಡಿನ ಆರು ಇಂಚಿನ ಕಾಂಕ್ರೀಟ್ ನೆಲದ ಮೇಲೆ ತಳಪ್ಲೇಟ್ ಇಟ್ಟು ಬೋಲ್ಟು ಹೊಡೆದರೆ ಆ ತೂಕ ನೆಲವನ್ನು ಚುಚ್ಚಿಕೊಂಡು ಇಳಿಯುತ್ತದೆ. ಶೆಡ್ಡಿನ ಕಂಬಗಳಿಗೇ ಅಟ್ಟವನ್ನು ವೆಲ್ಡ್ ಮಾಡುವುದು ಇನ್ನೂ ಕೆಟ್ಟದ್ದು. ಅವು ತಗಡಿನ ಚಾವಣಿ ಮತ್ತು ಗಾಳಿಯ ಲೆಕ್ಕಕ್ಕೆ ಮಾಡಿದ ತೆಳು ಕಂಬಗಳು. ಬೀದರ್‌ನ ಜಂಬಿಟ್ಟಿಗೆಯಲ್ಲಿ ಪ್ರತಿ ಕಂಬಕ್ಕೂ ಸಾಧಾರಣ ಆಳದ ಪ್ರತ್ಯೇಕ ಪಾದ ಕೊಟ್ಟರೆ ಬಹುತೇಕ ಸಾಕು. ಕೆಳಗೆ ಹಳೆಯ ಸುರಂಗವೋ ಪೊಳ್ಳೋ ಇದೆಯೇ ಎಂದು ಕೊರೆದು ನೋಡಿರಬೇಕು. ಭಾಲ್ಕಿ, ಔರಾದ್‌ಗಳ ಎರೆಯಲ್ಲಿ ಪಾದವನ್ನು ಗಟ್ಟಿ ಗರಸಿನವರೆಗೆ ಇಳಿಸಬೇಕು. ಗರಸು ಆಳದಲ್ಲಿದ್ದರೆ ಬುಡದಲ್ಲಿ ಗೆಡ್ಡೆಯಂತೆ ಅಗಲವಾಗುವ ಕಾಂಕ್ರೀಟ್ ಪೈಲುಗಳಿವೆ. ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆ ಇಂಥ ನೆಲಕ್ಕೆಂದೇ ಬೆಳೆಸಿದ ಈ ವಿಧಾನಕ್ಕೆ ಐಎಸ್ 2911ರ ಮೂರನೆಯ ಭಾಗ ಆಧಾರ.

1948ರ ಕಾರ್ಖಾನೆ ಕಾಯ್ದೆಯ 32ನೇ ಕಲಮು ನೆಲ, ಮೆಟ್ಟಿಲು, ಓಡಾಟದ ದಾರಿಗಳು ಭದ್ರವಾಗಿರಬೇಕೆಂದು ವಿಧಿಸಿತು. 33ನೆಯದು ನೆಲದ ತೂತುಗಳಿಗೆ ಮುಚ್ಚಳ ಅಥವಾ ಬೇಲಿ ಕೇಳಿತು. ಕಟ್ಟಡ ಅಪಾಯಕಾರಿ ಎನಿಸಿದರೆ ನಕ್ಷೆ ಮತ್ತು ವಿವರಪತ್ರ ತರಿಸಿಕೊಳ್ಳುವ ಅಧಿಕಾರವನ್ನು 39ನೆಯದು ಇನ್‌ಸ್ಪೆಕ್ಟರಿಗೆ ಕೊಟ್ಟಿತು. ಪರವಾನಗಿ ಪಡೆಯುವಾಗ ಸಲ್ಲಿಸುವ ಭದ್ರತಾ ಪ್ರಮಾಣಪತ್ರ ಆ ದಿನದ ಕಟ್ಟಡಕ್ಕೆ ಸಂಬಂಧಿಸಿದ್ದು. ಆಮೇಲೆ ವೆಲ್ಡಿಂಗ್ ಅಂಗಡಿಯವರಿಂದ ಸೇರಿಸಿಕೊಂಡ ಅಟ್ಟ ಅದರಲ್ಲಿ ಬರುವುದಿಲ್ಲ; ಹೊಸ ನಕ್ಷೆ, ಹೊಸ ಪ್ರಮಾಣಪತ್ರ ಬೇಕು. ಸಕ್ಕರೆ ಕಾರ್ಖಾನೆಗಳಲ್ಲಿ ಕಬ್ಬು ಅರೆಯುವ ಹಂಗಾಮು ಮುಗಿದು ಮಳೆಗಾಲ ಕಳೆಯುವವರೆಗಿನ ತಿಂಗಳುಗಳು ದುರಸ್ತಿಯ ಕಾಲ. ತೊಳೆದ ಸಿಹಿನೀರು ನಿಲ್ಲುವ ಕಂಬದ ಬುಡ, ಚೆಕರ್ಡ್ ಪ್ಲೇಟಿನ ಅಡಿಭಾಗ, ಪ್ಯಾನಿನ ಪಾದದ ಬೋಲ್ಟುಗಳು ಇವನ್ನು ಆಗ ಉಜ್ಜಿ, ಉಕ್ಕಿನ ಉಳಿದ ದಪ್ಪವನ್ನು ಅಳೆದು, ಮೂಲ ನಕ್ಷೆಯ ದಪ್ಪಕ್ಕೆ ಹೋಲಿಸಿ, ಸವೆದದ್ದನ್ನು ಮುಂದಿನ ಹಂಗಾಮಿಗೆ ಮೊದಲೇ ಬದಲಿಸುತ್ತಾರೆ.